ಜೀನ್ಸ್ ಕೌದಿ, ಹತ್ತೊಂಬತ್ತನೆಯ ಶನಿವಾರ: ಸೂಜಿ ದಾಟಿತು

ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನಮ್ಮನ್ನು ಕಾಡಿದ ತೊಡಕೊಂದು ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬಗೆಹರಿಯಿತು. ಆ ಸಂತೋಷ ಆರುವ ಮೊದಲೇ ಬರೆದಿಡಬೇಕೆಂದು ಕುಳಿತಿದ್ದೇನೆ. ತುಂಡು ಕತ್ತರಿಸುವುದು, ಬಣ್ಣ ಹೊಂದಿಸುವುದು, ಒಳಗೆ ಹಳೆಯ ಸೀರೆ ಹಾಸುವುದು ಇವನ್ನು ಕೌದಿ ಹೊಲಿಯುವವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ನೇರವಾಗಿ ಹೊಲಿಗೆಗೇ ಬರುತ್ತೇನೆ.

ಆದರೆ ನಮ್ಮ ಕೈಗಳ ಸ್ಥಿತಿಯನ್ನು ಮೊದಲು ಹೇಳದಿದ್ದರೆ ತೊಡಕು ಏನೆಂಬುದು ತಿಳಿಯುವುದಿಲ್ಲ. ದೀಪಾವಳಿ ಮುಗಿದ ಮೇಲೆ ಈ ಕೌದಿಗೆ ಕುಳಿತ ಐವರೂ ಮುಂದುವರಿದ ಹಂತದ ಕ್ಯಾನ್ಸರ್ ಇರುವವರು. ನನಗೆ ಸ್ತನದಿಂದ ಬೆನ್ನುಮೂಳೆಗೆ ಹರಡಿದೆ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಎಡತೋಳು ಬಾತುಕೊಳ್ಳುತ್ತದೆ, ಮುಂದಕ್ಕೆ ಬಾಗಿ ಸೊಂಟ ತಿರುಗಿಸುವ ಕೆಲಸವನ್ನು ವೈದ್ಯರು ಪೂರ್ತಿ ನಿಷೇಧಿಸಿದ್ದಾರೆ. ಕೌಲ್‌ಬಜಾರಿನ ಹೂವಿನ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ಮಾತನಾಡುತ್ತಲೇ ಮೊಳಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದ ಅವಳ ಬೆರಳುಗಳಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಯಿಂದ ಜೋಮು ಹಿಡಿದು, ಕಣ್ಣಿಟ್ಟು ನೋಡದಿದ್ದರೆ ದಾರ ಕೈಯಲ್ಲಿದೆಯೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯದು. ಸಂಡೂರಿನಿಂದ ಬರುವ ಹುಡುಗನಿಗೆ ದೊಡ್ಡ ಕರುಳಿನದು. ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಏರಿಸಿಕೊಂಡ ನಾಲ್ಕೈದು ದಿನ ತಣ್ಣನೆಯ ಕತ್ತರಿ ಮುಟ್ಟಿದರೂ ಬೆರಳಿನೊಳಗೆ ಸೂಜಿ ಚುಚ್ಚಿದಂತಾಗುತ್ತದೆ. ಜೀನ್ಸ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮಷಿನ್ ತುಳಿದ ಟೇಲರ್ ಚಾಚಾನಿಗೆ ಶ್ವಾಸಕೋಶದ ಕ್ಯಾನ್ಸರ್. ಐದನೆಯವರು ಸಿರುಗುಪ್ಪದ ಕಡೆಯ ಅಂಗನವಾಡಿ ಟೀಚರ್. ಅವರು ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹಸಿರು ಸೀರೆ ಈ ಕೌದಿಯ ಒಳಪದರದಲ್ಲಿದೆ.

ಜೀನ್ಸ್ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಬಳ್ಳಾರಿಯಲ್ಲಿ ಚೀಲಗಟ್ಟಲೆ ಸಿಗುವ ತುಂಡು ಬಟ್ಟೆ ಅದೇ, ಮತ್ತು ಚಾಚಾ ಅದರ ನಾಡಿ ಬಲ್ಲವರು. ಆದರೆ ತೂಕದ ಲೆಕ್ಕವನ್ನು ಮೊದಲೇ ಹಾಕಬೇಕಾಯಿತು. 12 ಔನ್ಸಿನ, ಅಂದರೆ ಚದರ ಗಜಕ್ಕೆ ಅಷ್ಟು ತೂಗುವ, ಜೀನ್ಸ್ ಬಟ್ಟೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕೌದಿಗೆ ಮೇಲೆ ಕೆಳಗೆ ಎರಡೂ ಕಡೆ ಅದನ್ನೇ ಹಾಕಿದರೆ ಜೀನ್ಸ್ ಒಂದೇ 2.4 ಕಿಲೊ ಆಗುತ್ತದೆ, ಒಗೆದಾಗ ಅದರ ಭಾರ ಕೇಳುವುದೇ ಬೇಡ. ಮೂಳೆಗೆ ಹರಡಿದವರು ಒದ್ದೆ ಕೌದಿ ಎತ್ತಲು ಹೋಗಿ ಮೂಳೆ ಮುರಿದುಕೊಳ್ಳುವ ಅಪಾಯ ನಿಜವಾದದ್ದು. ಆದ್ದರಿಂದ ಮೇಲ್ಪದರ ಮಾತ್ರ ಜೀನ್ಸ್, ನಡುವೆ ಎರಡು ಹಳೆಯ ಸೀರೆ, ಕೆಳಗೆ ಮೆತ್ತನೆಯ ಧೋತರ ಎಂದು ನಿರ್ಧರಿಸಿದೆವು.

ಬಟ್ಟೆ ಕೊಟ್ಟ ವ್ಯಾಪಾರಿಯ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಪೂರ್ತಿ ಹತ್ತಿಯದೇ ಬೇಕೆಂದು ಮೂರು ಸಲ ಹೇಳಿ ಹಣ ಕೊಟ್ಟು ತಂದ ಎರಡು ಚೀಲಗಳಲ್ಲಿ ಅರ್ಧಕ್ಕರ್ಧ ಹಿಗ್ಗುವ ಬಟ್ಟೆಯಿತ್ತು. ಒಂದು ಎಳೆ ಕಿತ್ತು ಬೆಂಕಿ ತೋರಿಸಿದರೆ ಹತ್ತಿಯದು ಕಾಗದದ ವಾಸನೆ ಬಂದು ಪುಡಿಬೂದಿಯಾಗುತ್ತದೆ. ಇದು ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಯಿತು. ಮರಳಿಸಲು ಹೋದಾಗ ‘ಕೌದಿಗ್ಯಾಕ್ರೀ ಅಷ್ಟು ಹುಡುಕಾಟ’ ಎಂದು ಕೇಳಿದ. ಹಿಗ್ಗುವ ಬಟ್ಟೆಯಲ್ಲಿ ಹೊಲಿಗೆ ಸುಕ್ಕುಗಟ್ಟುತ್ತದೆಂಬುದು ಆ ವ್ಯಾಪಾರದಲ್ಲಿರುವವನಿಗೆ ಗೊತ್ತಿಲ್ಲದ ವಿಷಯವಲ್ಲ.

ಇನ್ನು ತೊಡಕಿನ ಮಾತು. ನೆಲದ ಮೇಲೆ ಹಾಸಿ, ಸುತ್ತ ಕುಳಿತು, ಬಾಗಿ ಹೊಲಿಯುವುದು ಕೌದಿಯ ಪದ್ಧತಿ. ನಮ್ಮಲ್ಲಿ ಒಬ್ಬರಿಗೂ ಅದು ಸಾಧ್ಯವಿರಲಿಲ್ಲ. ನವಾರ ಬಿಚ್ಚಿದ ಹಳೆಯ ಕಬ್ಬಿಣದ ಮಂಚವನ್ನು ಇಟ್ಟಿಗೆಗಳ ಮೇಲೆ ಮೇಜಿನಷ್ಟು ಎತ್ತರಕ್ಕೆ ಏರಿಸಿ, ಅದಕ್ಕೆ ಕೌದಿಯನ್ನು ಬಿಗಿದು, ಕುರ್ಚಿಯಲ್ಲಿ ಕುಳಿತು ಹೊಲಿಯತೊಡಗಿದೆವು. ಬೆನ್ನಿನ ಕಷ್ಟ ತಪ್ಪಿತು, ಬೆರಳಿನ ಕಷ್ಟ ಶುರುವಾಯಿತು. ಬಿಗಿದ ಬಟ್ಟೆಯಲ್ಲಿ ಸೂಜಿಯನ್ನು ಮೇಲಿನಿಂದ ಚುಚ್ಚಿ, ಕೆಳಗಿನ ಕೈಯಿಂದ ಹಿಡಿದು ಎಳೆಯಬೇಕು. ಕೆಳಗಿನ ಕೈ ಕಣ್ಣಿಗೆ ಕಾಣುವುದಿಲ್ಲ. ಆರೋಗ್ಯವಂತರ ಬೆರಳೇ ಅಲ್ಲಿ ಕಣ್ಣಾಗುತ್ತದೆ. ಜೋಮು ಹಿಡಿದ ಬೆರಳಿಗೆ ಆ ಕಣ್ಣಿಲ್ಲ.

ಒಂದು ದಿನ ಅಕ್ಕ ಹೊಲಿಯುತ್ತಿದ್ದಾಗ ಕೆಳಪದರದ ಬಿಳಿ ಧೋತರದ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಅದರ ಪಕ್ಕ ಇನ್ನೊಂದು, ಮತ್ತೊಂದು, ಸಾಲಾಗಿ ಏಳು ಕಂಡವು. ಏಳು ಸಲ ಚುಚ್ಚಿಕೊಂಡಿದ್ದರೂ ಅವಳಿಗೆ ಒಂದರ ಅರಿವೂ ಆಗಿರಲಿಲ್ಲ. ಅದು ಕೀಮೋದಿಂದ ಬಿಳಿ ರಕ್ತಕಣ ಇಳಿದು, ಸೋಂಕು ಬೇಗ ತಗಲುವ ವಾರ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕೆಂಬುದು ನಮಗೆಲ್ಲ ಬಾಯಿಪಾಠ. ಆ ರಾತ್ರಿ ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟುಕೊಂಡು ಅವಳು ನನಗೆ ಫೋನ್ ಮಾಡಿದಳು, ನಾನೂ ಮಲಗಲಿಲ್ಲ. ಜ್ವರ ಬರಲಿಲ್ಲ. ಆದರೂ ಮರುದಿನದಿಂದ ಮಂಚದ ಹೊಲಿಗೆಯನ್ನು ನಿಲ್ಲಿಸಿದೆವು.

ಆಮೇಲಿನ ಪ್ರಯತ್ನಗಳಲ್ಲಿ ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಚಾಚಾನ ಲೋಹದ ಅಂಗುಸ್ತಾನ ಮೊದಲನೆಯದು. ಅದು ಅಕ್ಕನ ಬೆರಳಿನಿಂದ ಯಾವಾಗ ಬಿತ್ತೆಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ, ಜನವರಿಯ ಬೆಳಗಿನಲ್ಲಿ ಸಂಡೂರಿನ ಹುಡುಗ ಅದನ್ನು ಮುಟ್ಟಿ ಕೈ ಕಿತ್ತುಕೊಂಡ. ಎರಡನೆಯದು ಚಾಚಾನದೇ ಉಪಾಯ: ದಾರ ಹಾಕದ ಮಷಿನ್ನಿನಲ್ಲಿ ಬಟ್ಟೆಯನ್ನು ಓಡಿಸಿ ತೂತುಗಳ ಸಾಲು ಬೀಳಿಸಿಕೊಂಡು, ಆ ತೂತಿನಲ್ಲೇ ಕೈಸೂಜಿ ಹಾಯಿಸುವುದು. ಬಹಳ ಒಳ್ಳೆಯ ಯೋಚನೆ. ಹತ್ತಿಯ ಜೀನ್ಸಿನಲ್ಲಿ ತೂತು ನಿಂತಿತು, ಆ ವ್ಯಾಪಾರಿ ಬೆರೆಸಿ ಕೊಟ್ಟಿದ್ದ ಹಿಗ್ಗುವ ಬಟ್ಟೆಯಲ್ಲಿ ಅರ್ಧ ಗಂಟೆಯೊಳಗೆ ಮುಚ್ಚಿಕೊಂಡಿತು. ದಬ್ಬಣ ಹಿಡಿದರೆ ಬೆರಳಿಗೆ ಹಿಡಿತವೇನೋ ಸಿಕ್ಕಿತು, ಒಳಗಿನ ಹಳೆಯ ಸೀರೆ ಹರಿಯಿತು. ನಲವತ್ತು ನಿಮಿಷಕ್ಕೆ ಐದು ಅಂಗುಲ, ಅದಕ್ಕಿಂತ ಹೆಚ್ಚು ಒಮ್ಮೆಯೂ ಸಾಗಲಿಲ್ಲ.

ಫೆಬ್ರುವರಿಯಲ್ಲಿ ಟೀಚರ್ ಹೋದ ಮೇಲೆ ಎರಡು ಶನಿವಾರ ಯಾರೂ ಸೂಜಿ ಮುಟ್ಟಲಿಲ್ಲ. ಅವರು ಹೊಲಿದ ಕೊನೆಯ ಸಾಲು ಓರೆಕೋರೆಯಾಗಿದೆ, ಹೊಲಿಗೆಗಳ ನಡುವೆ ಹೆಬ್ಬೆರಳಿನಷ್ಟು ಅಂತರವಿದೆ. ಬಿಚ್ಚಬೇಕೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಕಳೆದ ಶನಿವಾರ ಕೌದಿಗೆ ಬಿಸಿಲು ತೋರಿಸೋಣವೆಂದು ಪಡಸಾಲೆಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಹರವಿದ್ದೆ. ಒಂದು ಮೂಲೆಯ ಹೊಲಿಗೆ ಬಿಟ್ಟುಹೋಗಿದ್ದುದು ಕಂಡು ನಿಂತಲ್ಲೇ ಸೂಜಿ ಚುಚ್ಚಿದೆ. ಆಚೆ ಬದಿಗೆ ಕೈ ಹಾಕಲು ತಡಕಾಡುತ್ತಿದ್ದಾಗ ಕೌದಿಯ ಹಿಂದಿನಿಂದ ಅಕ್ಕನ ದನಿ ಬಂತು: ‘ನೀವ್ಯಾಕ ಈ ಕಡಿ ಕೈ ಹಾಕ್ತೀರಿ, ನಾ ಇಲ್ಲೇ ಅದೀನಲ್ಲ.’ ಸೂಜಿ ಆಚೆ ಹೋಯಿತು. ಅವಳು ಎಳೆದು ತಿರುಗಿ ನನ್ನ ಕಡೆಗೆ ಚುಚ್ಚಿದಳು. ನಾನು ಎಳೆದೆ. ಹೀಗೆ ಹತ್ತು ಹೊಲಿಗೆ ಆಗುವವರೆಗೆ ಇಬ್ಬರೂ ಮಾತನಾಡಲಿಲ್ಲ. ಕುರ್ಚಿಯಲ್ಲಿ ಕುಳಿತಿದ್ದ ಚಾಚಾ ಎದ್ದು ನಿಂತು ‘ಅರೆ, ಇದನ್ನ ಮೊದಲ ದಿನಾನೆ ಮಾಡಬೇಕಿತ್ತಲ್ಲ’ ಎಂದರು.

ಅಷ್ಟೇ ಇದರ ಗುಟ್ಟು. ಕೌದಿಯನ್ನು ನಿಲ್ಲಿಸಬೇಕು, ಸೂಜಿಗೆ ಇಬ್ಬರು ಬೇಕು. ಕಾಣದ ಕೈಯೆಂಬುದೇ ಇಲ್ಲವಾಗುತ್ತದೆ, ಏಕೆಂದರೆ ಪ್ರತಿ ಬದಿಯಲ್ಲೂ ಒಂದು ಜೊತೆ ಕಣ್ಣಿರುತ್ತದೆ.

ಮಧ್ಯಾಹ್ನದೊಳಗೆ ಚಾಚಾ ಅದೇ ಮಂಚದ ಚೌಕಟ್ಟನ್ನು ಅಡ್ಡಲಾಗಿ ನಿಲ್ಲಿಸಿ ಹುಡುಗನಿಂದ ಕಂಬಗಳಿಗೆ ಬಿಗಿಸಿದರು. ಕೌದಿಯ ಅಂಚಿಗೆ ಹಳೆಯ ಪ್ಯಾಂಟುಗಳ ಬೆಲ್ಟ್ ಲೂಪುಗಳನ್ನು ಹೊಲಿದು, ಅವುಗಳ ಮೂಲಕ ಹಗ್ಗ ಹಾಯಿಸಿ ಎಳೆದಾಗ ಬಟ್ಟೆ ಡೊಳ್ಳಿನ ಚರ್ಮದಂತೆ ಬಿಗಿಯಾಯಿತು. ಹೊಲಿಯುವ ಭಾಗ ಮಾತ್ರ ಎದೆಯ ಮಟ್ಟದಲ್ಲಿರಬೇಕು, ಉಳಿದದ್ದು ಮೇಲಿನ ಕೆಳಗಿನ ಕೊಳವೆಗಳಿಗೆ ಸುತ್ತಿಕೊಂಡಿರಬೇಕು. ತೋಳನ್ನು ಭುಜಕ್ಕಿಂತ ಮೇಲೆ ಎತ್ತಿ ಬಹಳ ಹೊತ್ತು ಹೊಲಿದರೆ ನನಗೆ ತ್ರಾಸಾಗುತ್ತದೆ. ಸೂಜಿ ಬರುವ ಜಾಗಕ್ಕೆ ಎದುರಿನವರು ಸವೆದ ಹವಾಯಿ ಚಪ್ಪಲಿಯ ತೊಳೆದ ತುಂಡೊಂದನ್ನು ಒತ್ತಿ ಹಿಡಿಯುತ್ತಾರೆ, ಮೊನೆ ಬೆರಳಿಗೆ ಬದಲು ರಬ್ಬರಿಗೆ ನಾಟುತ್ತದೆ. ನಂತರ ಎರಡು ಅಂಗುಲದ ಸೈಕಲ್ ಟ್ಯೂಬಿನ ತುಂಡಿನಲ್ಲಿ ಸೂಜಿಯನ್ನು ಹಿಡಿದರೆ ಜಾರುವುದಿಲ್ಲ, ಚಿವುಟುವ ಬಲವಿಲ್ಲದ ಕೈಯೂ ಎಳೆಯಬಲ್ಲದು. ಎಳೆಯುವವರು ‘ಬಂತು’ ಎನ್ನುವವರೆಗೆ ತಳ್ಳುವವರು ಕೈ ಬಿಡುವಂತಿಲ್ಲ, ‘ಬಿಟ್ಟೆ’ ಎನ್ನುವವರೆಗೆ ಎಳೆಯುವಂತಿಲ್ಲ. ಈಗ ಅದೇ ನಲವತ್ತು ನಿಮಿಷಕ್ಕೆ ಇಪ್ಪತ್ತು ಅಂಗುಲದ ಎರಡು ಸಾಲು ಆಗುತ್ತಿವೆ. ಒಂದು ರಕ್ತದ ಚುಕ್ಕೆಯೂ ಇಲ್ಲ.

ನನ್ನ ತಾಯಿಗೆ ಮಾತ್ರ ಅಸಮಾಧಾನವಿದೆ. ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತ ಒಳಗೆ ಬಂದು ನಡುವೆ ಮುಗಿಯಬೇಕು, ನೀವು ಉದ್ದಕ್ಕೆ ಗೆರೆ ಎಳೆಯುತ್ತಿದ್ದೀರಿ ಎಂದು ಗೊಣಗಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದ್ದರಿಂದ ನಟ್ಟನಡುವೆ ಒಂದು ಗೇಣಿನಷ್ಟು ಚೌಕವನ್ನು ಖಾಲಿ ಬಿಟ್ಟಿದ್ದೇವೆ. ಕೊನೆಯ ದಿನ ನಮ್ಮ ಮನೆಯ ರೂಢಿಯಂತೆ ಅಲ್ಲಿ ಹೋಳಿಗೆಯ ತುಣುಕಿಟ್ಟು ಕೌದಿಯ ಹೊಟ್ಟೆ ತುಂಬಿಸಿ, ಸುತ್ತು ಹೊಲಿಗೆ ಹಾಕುತ್ತೇವೆ.

ಒಂದು ದಾರ ಮುಗಿದೊಡನೆ ಇಬ್ಬರೂ ಬದಿ ಬದಲಿಸಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಇದರಿಂದ ಬೆಳಿಗ್ಗೆಯಿಂದ ಹನ್ನೆರಡು ಸಲವಾದರೂ ಚೌಕಟ್ಟನ್ನು ಸುತ್ತಿ ನಡೆದಂತಾಗುತ್ತದೆ. ಕ್ಯಾನ್ಸರಿನ ಆಯಾಸ ಮಲಗಿದಷ್ಟೂ ಕಳೆಯುವ ಆಯಾಸವಲ್ಲ. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜಿನ ನೇತೃತ್ವದಲ್ಲಿ ತಜ್ಞರು ಕೂಡಿ 2019ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ, ವಾರಕ್ಕೆ ಮೂರು ಸಲ 30 ನಿಮಿಷದ ಮಧ್ಯಮ ವೇಗದ ವ್ಯಾಯಾಮ ಆಯಾಸ, ಆತಂಕ, ಖಿನ್ನತೆಗಳನ್ನು ತಗ್ಗಿಸುತ್ತದೆಂದಿದೆ. ಮೂಳೆಗೆ ಹರಡಿದವರು ಯಾವ ಚಲನೆ ಸಲ್ಲದೆಂಬುದನ್ನು ತಮ್ಮ ವೈದ್ಯರಿಂದ ಕೇಳಿ ತಿಳಿದೇ ತೊಡಗಬೇಕು. ಕೌದಿ ಸುತ್ತುವುದು ಆ 30 ನಿಮಿಷಕ್ಕೆ ಸಮವೆಂದು ನಾನು ಹೇಳುತ್ತಿಲ್ಲ. ಮಂಚದ ದಿನಗಳಲ್ಲಿ ಕುಳಿತಲ್ಲೇ ಕುಳಿತಿರುತ್ತಿದ್ದೆ, ಈಗ ಮಧ್ಯಾಹ್ನದ ಊಟಕ್ಕೆ ಹಸಿವಾಗುತ್ತಿದೆ.

ಚಾಚಾ ಮಾರ್ಫಿನ್ ಗುಳಿಗೆ ನುಂಗಿ ಅರ್ಧ ಗಂಟೆಯಾದ ಮೇಲೆ ಸೂಜಿ ಹಿಡಿಯುತ್ತಾರೆ, ಆಗ ನೋವು ಹದಕ್ಕೆ ಬಂದಿರುತ್ತದೆ. ನಿನ್ನೆ ಅವರು ಆಚೆ, ನಾನು ಈಚೆ. ನಡುವೆ ಕೌದಿ ಇರುವುದರಿಂದ ಮುಖ ಕಾಣುವುದಿಲ್ಲ. ‘ಬಂತು’ ಎಂದವರು ಎಳೆಯದೆ ಸ್ವಲ್ಪ ಹೊತ್ತು ನಿಂತು, ರಾತ್ರಿ ಉಸಿರು ಕಟ್ಟಿದಂತಾದಾಗ ತಮಗಾಗುವ ಹೆದರಿಕೆಯನ್ನು ಹೇಳಿದರು. ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಸಣ್ಣ ಫ್ಯಾನಿನ ಗಾಳಿಯನ್ನು ಮೂಗು ಕೆನ್ನೆಗಳಿಗೆ ನೇರವಾಗಿ ಬಿಟ್ಟುಕೊಂಡರೆ ಉಸಿರಾಟದ ಸಂಕಟ ತಗ್ಗುತ್ತದೆಂದು ಕಾಯಿಲೆಯ ನೋವು ಶಮನಗೊಳಿಸುವ ಉಪಶಾಮಕ ಚಿಕಿತ್ಸೆಯ ನರ್ಸ್ ನನಗೆ ಹೇಳಿದ್ದನ್ನು ಚಾಚಾನಿಗೆ ಹೇಳಿದೆ, ಈ ಹೆದರಿಕೆಯನ್ನು ಆ ನರ್ಸಿಗೂ ತಿಳಿಸಬೇಕೆಂದು ಒತ್ತಾಯಿಸಿದೆ. ‘ಬಿಟ್ಟೆ’ ಎಂದೆ. ಅವರು ಎಳೆದರು.

ನಗುವಿಗೂ ಬರವಿಲ್ಲ. ಜೀನ್ಸಿನ ನೀಲಿ ಕೈಗೆ ಹತ್ತುತ್ತದೆಯಲ್ಲ, ಸೋಮವಾರ ಕೀಮೋಗೆ ಹೋದ ಅಕ್ಕನ ಬೆರಳು ನೋಡಿದ ನರ್ಸ್ ಗಾಬರಿಯಾಗಿ ತಕ್ಷಣ ಆಕ್ಸಿಮೀಟರ್ ಸಿಕ್ಕಿಸಿದಳಂತೆ. ಆಕ್ಸಿಜನ್ 98 ಬಂತು. ಈಗ ಆ ನರ್ಸಿಗೂ ಒಂದು ಕೌದಿ ಬೇಕಂತೆ. ತಣ್ಣನೆಯದು ಸೇರದ ಸಂಡೂರಿನ ಹುಡುಗ ಮಾರ್ಚಿನ ಬಿಸಿಲಿಗೆ ಕೈ ಒಡ್ಡಿ ಸುಖಪಡುತ್ತಿದ್ದರೆ, ಬಳ್ಳಾರಿಯ ಬಿಸಿಲನ್ನು ಹೊಗಳಿದವನನ್ನು ಇದೇ ಮೊದಲು ಕಂಡೆ ಎಂದು ಚಾಚಾ ನಗುತ್ತಾರೆ.

ಉಳಿದ ಜೀನ್ಸಿನಲ್ಲಿ ಮುಂದೆ ಮಾಡಬೇಕಾದದ್ದೂ ತಲೆಯಲ್ಲಿದೆ: ಸ್ತನದ ಶಸ್ತ್ರಚಿಕಿತ್ಸೆಯಾದವರು ಕಂಕುಳಲ್ಲಿ ಇಟ್ಟುಕೊಳ್ಳುವ ಹೃದಯದಾಕಾರದ ಸಣ್ಣ ದಿಂಬು. ತೋಳು ಗಾಯಕ್ಕೆ ಉಜ್ಜದಂತೆ ಅದು ತಡೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ ಬಳ್ಳಾರಿಗೆ ಸುಮಾರು 300 ಕಿಲೊಮೀಟರ್ ಬಸ್ಸಿನಲ್ಲಿ ಮರಳುವವರಿಗೆ ಅದರ ಬೆಲೆ ತಿಳಿಯುತ್ತದೆ. ನಾನು ಆ ದಾರಿಯನ್ನು ಮಡಚಿದ ಟವಲಿನ ಮೇಲೆ ಕಳೆದವಳು. ಮಾದರಿಗೆಂದು ತಂದ ಬೂರುಗದ ಅರಳೆಯಲ್ಲಿ ಬೀಜ, ಧೂಳು ಎರಡೂ ತುಂಬಿದ್ದವು, ಬಿಚ್ಚಿದೊಡನೆ ಚಾಚಾನಿಗೆ ಕೆಮ್ಮು ಹತ್ತಿತು. ಒಗೆಯಲು ಬರುವ ಬೇರೆ ತುಂಬುವಿಕೆ ಹುಡುಕುತ್ತಿದ್ದೇನೆ. ಒಳಗೆ ಜೀನ್ಸ್, ಮೈಗೆ ತಾಗುವ ಕಡೆ ಹಳೆಯ ಮೆತ್ತನೆಯ ಸೀರೆ ಎಂಬಷ್ಟು ಮಾತ್ರ ಖಚಿತ.

ಸದ್ಯ ಅರವತ್ತು ಸಾಲುಗಳಲ್ಲಿ ಮೂವತ್ತೊಂದು ಮುಗಿದಿವೆ. ಮಂಗಳವಾರ ಅಕ್ಕನಿಗೆ ಸ್ಕ್ಯಾನ್ ಇದೆ, ಹುಡುಗ ಅವಳ ಜೊತೆ ಹೋಗುತ್ತಾನೆ. ಚಾಚಾನಿಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿಲ್ಲ, ಇನ್ನು ಮುಂದೆ ಕುಳಿತೇ ಎಳೆಯುತ್ತಾರೆ. ಎದುರಿಗೆ ನಾನೂ ಕುರ್ಚಿ ಹಾಕಿಕೊಳ್ಳುತ್ತೇನೆ. ಬರುವ ಶನಿವಾರ ಮೊದಲು ಹಗ್ಗ ಬಿಚ್ಚಿ ಚೌಕಟ್ಟನ್ನು ಒಂದು ಗೇಣು ಕೆಳಗಿಳಿಸಬೇಕು.