ಸ್ಟೀಫನ್ನೋ ಡೇಮನ್ನೋ, ಹಿಂದಿನ ಸೀಟಿನಲ್ಲಿ ಅತ್ತೆ

ನಾದಿನಿ ಜೊತೆ ಜಗಳ ಅಂದರೆ ಒಡವೆಯದೋ ಆಸ್ತಿಯದೋ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ನಮ್ಮದು ಎಲೆನಾ ಗಿಲ್ಬರ್ಟ್‌ದು. ‘ದಿ ವ್ಯಾಂಪೈರ್ ಡೈರೀಸ್’ ಧಾರಾವಾಹಿಯ ಆ ಹುಡುಗಿ ಅಣ್ಣ ಡೇಮನ್‌ಗೆ ಸಿಗಬೇಕಿತ್ತೋ, ತಮ್ಮ ಸ್ಟೀಫನ್‌ಗೆ ಸಿಗಬೇಕಿತ್ತೋ ಅನ್ನುವುದರ ಮೇಲೆ ನಾವಿಬ್ಬರೂ ವರ್ಷಗಟ್ಟಲೆ ಮುಖ ಊದಿಸಿಕೊಂಡಿದ್ದೇವೆ. ನಾನು ಸ್ಟೀಫನ್ ಕಡೆ. ಅವಳು ಡೇಮನ್ ಕಡೆ. ಮದುವೆಯಾದ ಮೊದಲ ವಾರ, ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಾಗ ಇದು ಬಯಲಾಯಿತು. "ಅಯ್ಯೋ ಅತ್ತಿಗೆ, ಸ್ಟೀಫನ್ನಾ? ಉಪ್ಪಿಲ್ಲದ ಉಪ್ಪಿಟ್ಟು ಅವನು" ಅಂದಳು. ಅವತ್ತಿಂದ ಶುರು.

ನಾನು ಇದನ್ನು ನೋಡಿದ್ದು ಮೈಸೂರಿನ ಹಾಸ್ಟೆಲ್‌ನಲ್ಲಿ. ಅಮೆರಿಕದಲ್ಲಿ ಗುರುವಾರ ರಾತ್ರಿ ಪ್ರಸಾರವಾದದ್ದು ಶನಿವಾರದ ಹೊತ್ತಿಗೆ ಯಾರದೋ ಹಾರ್ಡ್ ಡಿಸ್ಕ್‌ನಲ್ಲಿ ನಮ್ಮ ರೂಮಿಗೆ ಬಂದುಬಿಡುತ್ತಿತ್ತು. ಎಲ್ಲಿಂದ ಬರುತ್ತಿತ್ತು ಅಂತ ಕೇಳಬೇಡಿ. ಒಂದು ಲ್ಯಾಪ್‌ಟಾಪ್, ಎಂಟು ತಲೆ. 2009ರ ಸೆಪ್ಟೆಂಬರ್ 10ರಿಂದ 2017ರ ಮಾರ್ಚ್ 10ರವರೆಗೆ ಎಂಟು ಸೀಸನ್, 171 ಕಂತು. ಓದಿದ್ದಕ್ಕಿಂತ ಇದನ್ನೇ ಜಾಸ್ತಿ ನೋಡಿದೆ ಅಂದರೆ ಸುಳ್ಳಲ್ಲ.

ಹೋದ ಅಕ್ಟೋಬರ್‌ನಲ್ಲಿ ನಾದಿನಿ ಡಲ್ಲಾಸ್‌ನಿಂದ ನಮ್ಮ ಮನೆಗೆ ಬಂದಿದ್ದಳು. ನಾವಿರುವುದು ಅಟ್ಲಾಂಟಾ ಹತ್ತಿರ. ಕಥೆಯ ಊರು ಮಿಸ್ಟಿಕ್ ಫಾಲ್ಸ್ ವರ್ಜೀನಿಯಾದಲ್ಲಿದೆ ಅಂತ ಧಾರಾವಾಹಿ ಹೇಳುತ್ತದೆ. ಅದು ಕಲ್ಪನೆಯ ಊರು. ಅಲ್ಲಿ ಕಾಣುವ ಚೌಕ, ಗಡಿಯಾರದ ಗೋಪುರ, ಬೀದಿ ಎಲ್ಲ ಜಾರ್ಜಿಯಾದ ಕೋವಿಂಗ್ಟನ್‌ದು. ಅಟ್ಲಾಂಟಾದಿಂದ ಪೂರ್ವಕ್ಕೆ ಐ-20 ಹೆದ್ದಾರಿ ಹಿಡಿದರೆ ಸುಮಾರು 55 ಕಿಲೋಮೀಟರ್. ಇಷ್ಟು ಹತ್ತಿರ ಇದ್ದೂ ನಾನು ಹೋಗಿರಲಿಲ್ಲ. ಇವಳಿಲ್ಲದೆ ಹೋಗಿ ಯಾರ ಜೊತೆ ಜಗಳ ಆಡಲಿ?

ಅತ್ತೆ ತಿಪಟೂರಿನಿಂದ ಬಂದು ಮೂರು ತಿಂಗಳಾಗಿತ್ತು. ಮನೆಯಲ್ಲಿ ಒಬ್ಬರೇ ಇರೋದು ಬೇಡ ಅಂತ ಅವರನ್ನೂ ಕೂರಿಸಿಕೊಂಡೆವು. ಮೊಸರನ್ನದ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹೆದ್ದಾರಿ ಹತ್ತುವುದರೊಳಗೆ ನಮ್ಮ ವಾದ ಶುರುವಾಗಿತ್ತು. ಹತ್ತು ನಿಮಿಷ ಕೇಳಿಸಿಕೊಂಡು ಅತ್ತೆ ಅಂದರು: "ಯಾರ ಮನೆ ಹುಡುಗ್ರಮ್ಮ ಇವ್ರು?"

ಸರಿ, ಅಪ್ಪಟ ಕನ್ನಡದಲ್ಲಿ ಮೊದಲಿನಿಂದ ಹೇಳಬೇಕಾಯಿತು. 1864ರಲ್ಲಿ ಇಬ್ಬರು ಅಣ್ಣತಮ್ಮಂದಿರು ಕ್ಯಾಥರೀನ್ ಅನ್ನುವ ಒಬ್ಬಳ ಮೇಲೆ ಮನಸ್ಸಿಟ್ಟರು. ಅವಳು ರಕ್ತ ಕುಡಿಯುವವಳು. ಇಬ್ಬರನ್ನೂ ಆಡಿಸಿದಳು. ಅವಳನ್ನು ಬಿಡಿಸಲು ಹೋದ ಮಕ್ಕಳಿಗೆ ಸ್ವಂತ ಅಪ್ಪನೇ ಗುಂಡು ಹೊಡೆದ. ಸತ್ತರು, ಆದರೆ ಹೊಟ್ಟೆಯಲ್ಲಿ ಅವಳ ರಕ್ತ ಇತ್ತು, ಎದ್ದು ಕೂತರು. ನೂರೈವತ್ತು ವರ್ಷದ ಹತ್ತಿರ ಆದ ಮೇಲೆ ಅದೇ ಊರಲ್ಲಿ ಎಲೆನಾ ಅನ್ನುವ ಹೈಸ್ಕೂಲ್ ಹುಡುಗಿ. ಥೇಟ್ ಕ್ಯಾಥರೀನ್ ಮುಖ.

"ಡಬಲ್ ಆ್ಯಕ್ಟಿಂಗಾ?" ಅಂದರು ಅತ್ತೆ. ಹೌದು, ನೀನಾ ಡೊಬ್ರೆವ್ ಅನ್ನುವವಳೇ ಇಬ್ಬರೂ. "ಇದು ಸುಂದೋಪಸುಂದರ ಕಥೆ ಕಣ್ರೇ. ತಿಲೋತ್ತಮೆಗೋಸ್ಕರ ಒಬ್ಬರನ್ನೊಬ್ಬರು ಹೊಡ್ಕೊಂಡು ಸಾಯ್ತಾರಲ್ಲ." ಇವರು ಸತ್ತ ಮೇಲೇ ಹೊಡೆದಾಡಿಕೊಳ್ಳೋದು ಅಂತ ನಾದಿನಿ ತಿದ್ದಿದಳು.

ಮಿಕ್ಕಿದ್ದೆಲ್ಲ ಅತ್ತೆಗೆ ಎಷ್ಟು ಸಲೀಸಾಗಿ ಅರ್ಥವಾಯಿತು ಅಂದರೆ ನಮಗೇ ಆಶ್ಚರ್ಯ. ಬಿಸಿಲು ತಾಗದಿರಲು ನೀಲಿ ಹರಳಿನ ಉಂಗುರ ಅಂದೆವು. "ಶನಿಗೆ ಹಾಕ್ಕೊತಾರಲ್ಲ, ಹಂಗೆ" ಅಂದರು. ಕಣ್ಣಲ್ಲಿ ಕಣ್ಣಿಟ್ಟು ಏನು ಹೇಳಿದರೂ ಜನ ಕೇಳುತ್ತಾರೆ, ಮರೆ ಅಂದರೆ ಮರೆಯುತ್ತಾರೆ ಅಂದೆವು. ವಶೀಕರಣ. ಅದು ತಾಗದ ಹಾಗೆ ಸ್ಟೀಫನ್ ಅವಳಿಗೆ ವರ್ವೇನ್ ಅನ್ನುವ ಗಿಡ ತುಂಬಿದ ಪದಕ ಕೊಡುತ್ತಾನೆ. "ತಾಯತ ಅನ್ನು." ಮನೆಯವರು ಒಳಗೆ ಬಾ ಅನ್ನದೆ ರಕ್ತಪಿಶಾಚಿ ಹೊಸ್ತಿಲು ದಾಟುವ ಹಾಗಿಲ್ಲ ಅಂದಾಗ ಅತ್ತೆ ಸೀಟಿನಲ್ಲಿ ಮುಂದಕ್ಕೆ ಬಗ್ಗಿದರು. "ನಮ್ಮೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದದ್ದು ಮತ್ಯಾಕೆ? ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದೆ. ನೀನಿನ್ನೂ ಚಿಕ್ಕವಳು ಆಗ" ಅಂತ ಮಗಳ ಬೆನ್ನು ತಟ್ಟಿದರು. ಅಲ್ಲಿನ ದೆವ್ವಕ್ಕೆ ಕರೆಯಬೇಕು, ನಮ್ಮ ದೆವ್ವಕ್ಕೆ ಮುಂದೂಡಬೇಕು. ನಮ್ಮದು ಸರ್ಕಾರಿ ಕಚೇರಿ ಪದ್ಧತಿ.

ಈಗ ಅಸಲಿ ವಿಷಯ. ಇಬ್ಬರಲ್ಲಿ ಯಾರು?

ನಾದಿನಿಯ ಮೊದಲ ಪಟ್ಟು ಯಾವಾಗಲೂ ಅದೇ, ಎರಡನೇ ಸೀಸನ್‌ನ ಆ ಮಲಗುವ ಕೋಣೆಯ ದೃಶ್ಯ. ಎಲೆನಾ ಕಳೆದುಕೊಂಡಿದ್ದ ಪದಕವನ್ನು ಡೇಮನ್ ತಂದುಕೊಡುತ್ತಾನೆ. ಕೊಡುವ ಮೊದಲು ನಿನ್ನನ್ನು ಪ್ರೀತಿಸುತ್ತೇನೆ ಅನ್ನುತ್ತಾನೆ, ನಾನು ನಿನಗೆ ತಕ್ಕವನಲ್ಲ, ನನ್ನ ತಮ್ಮ ತಕ್ಕವನು ಅನ್ನುತ್ತಾನೆ. ಆಮೇಲೆ ಅದನ್ನೆಲ್ಲ ಅವಳು ಮರೆಯುವ ಹಾಗೆ ಮಾಡಿ ಹೋಗುತ್ತಾನೆ. ಕಣ್ಣಿಂದ ಒಂದೇ ಒಂದು ಹನಿ. ಡೇಮನ್ ಪಾತ್ರದ ಇಯಾನ್ ಸೋಮರ್‌ಹಾಲ್ಡರ್ ಆ ಒಂದು ಹನಿಯಲ್ಲಿ ಪ್ರಪಂಚದ ಅರ್ಧ ಹುಡುಗಿಯರನ್ನು ಪಕ್ಷಾಂತರ ಮಾಡಿಸಿದ. ನಮ್ಮ ರೂಮಿನಲ್ಲೇ ಮೂವರು ಹೋದರು.

"ಅದೇ ಸೀಸನ್ ಶುರುವಿನಲ್ಲಿ ಅವಳ ತಮ್ಮನ ಕತ್ತು ಮುರಿದನಲ್ಲ, ಅದು?" ಅಂದೆ. ಎಲೆನಾ ಒಲ್ಲೆ ಅಂದಳು ಅನ್ನುವ ಕೋಪಕ್ಕೆ ಜೆರೆಮಿಯ ಕತ್ತು ತಿರುಗಿಸಿದ್ದ. ಹುಡುಗನ ಬೆರಳಿನಲ್ಲಿ ಮಂತ್ರದ ಉಂಗುರ ಇದ್ದದ್ದಕ್ಕೆ ಬದುಕಿದ.

"ಬದುಕಿದ್ನಲ್ಲ!"

ಡೇಮನ್ ಕಡೆಯವರ ತರ್ಕವೇ ಹೀಗೆ. ಆದರೆ ಅವಳ ಕೈಯಲ್ಲೂ ತುರುಪು ಇತ್ತು. ಮೂರನೇ ಸೀಸನ್‌ನಲ್ಲಿ ನಮ್ಮ ಸಾಧು ಸ್ಟೀಫನ್, ಮೊಲದ ರಕ್ತ ಕುಡಿದು ಬದುಕುವ ಸ್ಟೀಫನ್, ಕ್ಲಾಸ್ ಅನ್ನುವ ಖಳನನ್ನು ಬಗ್ಗಿಸಲು ಎಲೆನಾಗೆ ಬಲವಂತವಾಗಿ ತನ್ನ ರಕ್ತ ಕುಡಿಸಿ ಕಾರನ್ನು ಸೇತುವೆ ಕಡೆ ಓಡಿಸುತ್ತಾನೆ. ಅವಳ ಅಪ್ಪ ಅಮ್ಮ ಮುಳುಗಿ ಸತ್ತ ಅದೇ ಸೇತುವೆ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆಗಲೂ ಇರಲಿಲ್ಲ. ಸ್ಟೀಫನ್ ಆಗಿದ್ದ ಪಾಲ್ ವೆಸ್ಲಿಯ ಮುಖ ನೋಡಿ ಕ್ಷಮಿಸಿದ್ದೆ, ಅಷ್ಟೇ. ಅದಕ್ಕೆ ಬದಲಾಗಿ ನಾನು ನಾಲ್ಕನೇ ಸೀಸನ್ ಎತ್ತಿದೆ. ಡೇಮನ್‌ನ ರಕ್ತದಿಂದ ಪಿಶಾಚಿಯಾದವಳು ಅವನು ಹೇಳಿದ ಹಾಗೆಲ್ಲ ಕುಣಿಯುವ ‘ಸೈರ್ ಬಾಂಡ್’. ಅವನ ಹತ್ತಿರ ಹೋದದ್ದು ಅವಳ ಮನಸ್ಸೋ, ಅವನ ರಕ್ತವೋ? ಇಲ್ಲಿ ನಾದಿನಿ ಯಾವಾಗಲೂ ಕಿಟಕಿ ಕಡೆ ನೋಡುತ್ತಾಳೆ. ಅವತ್ತೂ ನೋಡಿದಳು.

ಕೋವಿಂಗ್ಟನ್ ಚೌಕ ಬಂದಾಗ ಇಬ್ಬರ ಗಂಟಲೂ ಒಣಗಿತ್ತು. ಗಡಿಯಾರದ ಗೋಪುರದ ಕೆಂಪು ಕಟ್ಟಡ ಕಂಡ ಕೂಡಲೇ ಇಬ್ಬರೂ ಒಟ್ಟಿಗೆ ಕಿರುಚಿದೆವು. ಅದು 1884ರ ನ್ಯಾಯಾಲಯದ ಕಟ್ಟಡ. ಹತ್ತಿರದಲ್ಲಿ ‘ಮಿಸ್ಟಿಕ್ ಗ್ರಿಲ್’ ಅನ್ನುವ ಹೋಟೆಲ್ಲೂ ಇದೆ. ಕಥೆಯಲ್ಲಿ ಇದ್ದ ಹೋಟೆಲ್ ಈಗ ನಿಜಕ್ಕೂ ಊಟ ಹಾಕುತ್ತದೆ. ಅತ್ತೆ ಬೆಂಚಿನ ಮೇಲೆ ಕೂತು ಮೊಸರನ್ನ ಬಿಚ್ಚಿದರು. ಕಪ್ಪು ಟೀ ಶರ್ಟಿನ ಇಬ್ಬರು ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಾ ಇದ್ದರು, ಒಬ್ಬಳ ಎದೆ ಮೇಲೆ ಸ್ಟೀಫನ್ ಹೆಸರು, ಇನ್ನೊಬ್ಬಳದರ ಮೇಲೆ ಡೇಮನ್. ಅತ್ತೆ ನಮ್ಮ ಕಡೆ ತಿರುಗಿ, "ನಿಮ್ಮ ಥರದವ್ರು ಇನ್ನೂ ಇದಾರೆ" ಅಂದರು. ಅಣ್ಣತಮ್ಮಂದಿರ ದೊಡ್ಡ ಬಂಗಲೆ ಎಲ್ಲಿ ಅಂತಲೂ ಕೇಳಿದರು. ಅದು ಇಲ್ಲಿರಲಿಲ್ಲ, ಸ್ಯಾಂಡಿ ಸ್ಪ್ರಿಂಗ್ಸ್‌ನಲ್ಲಿದ್ದ ಗ್ಲೆನ್‌ರಿಡ್ಜ್ ಹಾಲ್ ಅನ್ನುವ ಮನೆ. 2015ರಲ್ಲಿ ಕೆಡವಿಹಾಕಿದರು. ನಾದಿನಿಗೆ ಅದು ಇವತ್ತಿಗೂ ಸೂತಕ.

ಎಲೆನಾಳ ಮನೆ ಮಾತ್ರ ಇದೆ. ಚೌಕದಿಂದ ನಡೆದೇ ಹೋದೆವು. ಬಿಳಿ ಮನೆ, ಮುಂದೆ ಜಗಲಿ. ಯಾರೋ ವಾಸ ಇರುವ ಮನೆ, ಹಾಗಾಗಿ ರಸ್ತೆ ಪಕ್ಕದ ಕಾಲುದಾರಿಯಲ್ಲೇ ನಿಂತೆವು. ಸೇತುವೆಯ ಕಥೆ ಪೂರ್ತಿ ಹೇಳಿದ್ದು ಅಲ್ಲೇ ನಿಂತುಕೊಂಡು.

ಮೂರನೇ ಸೀಸನ್‌ನ ಕೊನೆ ಕಂತು, 2012ರ ಮೇ 10. ಎಲೆನಾ ಗೆಳೆಯ ಮ್ಯಾಟ್‌ನ ಗಾಡಿಯಲ್ಲಿದ್ದಾಳೆ. ಡೇಮನ್‌ಗೆ ಫೋನಿನಲ್ಲಿ ಹೇಳಿಬಿಟ್ಟಿದ್ದಾಳೆ: ಸ್ಟೀಫನ್ನೇ. ನೀನು ಮೊದಲು ಸಿಕ್ಕಿದ್ದರೆ ಬೇರೆ ಮಾತಿತ್ತೇನೋ ಅಂತಲೂ ಅನ್ನುತ್ತಾಳೆ. ನಿಜಕ್ಕೂ ಮೊದಲು ಸಿಕ್ಕಿದ್ದು ಡೇಮನ್ನೇ, ಅಪ್ಪ ಅಮ್ಮ ಸತ್ತ ರಾತ್ರಿ, ರಸ್ತೆಯಲ್ಲಿ. ಅದನ್ನೂ ಅವನೇ ಮರೆಸಿದ್ದ. ಆಮೇಲೆ ಗಾಡಿ ಸೇತುವೆಯಿಂದ ನೀರಿಗೆ. ಸ್ಟೀಫನ್ ಧುಮುಕುತ್ತಾನೆ. ಗಾಜಿನ ಆಚೆ ಎಲೆನಾ ಪ್ರಜ್ಞೆ ತಪ್ಪಿದ ಮ್ಯಾಟ್ ಕಡೆ ಕೈ ತೋರಿಸುತ್ತಾಳೆ, ಮೊದಲು ಅವನನ್ನು. ಸ್ಟೀಫನ್ ಒಂದು ಗಳಿಗೆ ಅವಳ ಮುಖ ನೋಡುತ್ತಾನೆ. ಆಮೇಲೆ ಮ್ಯಾಟ್‌ನನ್ನು ಎಳೆದುಕೊಂಡು ಮೇಲೆ ಹೋಗುತ್ತಾನೆ. ವಾಪಸ್ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಡೇಮನ್‌ನ ರಕ್ತದಿಂದ ಪಿಶಾಚಿಯಾಗಿ ಏಳುವುದು ಆಮೇಲೆ.

"ಡೇಮನ್ ಆಗಿದ್ರೆ ಮ್ಯಾಟ್ ಹಾಳಾಗ್ಲಿ ಅಂತ ಇವಳನ್ನ ಎತ್ತಿರೋನು" ಅಂದಳು ನಾದಿನಿ. "ಬದುಕಿರೋಳು."

"ಅವಳು ಬೇಡ ಅಂದಿದ್ದಳಲ್ಲ. ಅವಳ ಮಾತು ಕೇಳಿದವನು ಇವನೊಬ್ಬನೇ."

"ಮಾತು ಕೇಳಿ ಸಾಯಿಸಿದ."

ವರ್ಷಗಳಿಂದ ಆಡುತ್ತಿರುವ ಮಾತು, ಇಬ್ಬರಿಗೂ ಬಾಯಿಪಾಠ. ಹಿಂದೆ ಮುಂದೆ ಇಲ್ಲದೆ ಅತ್ತೆ ಕೇಳಿದರು: "ಮೊದಲ ಸಲ ಮುಳುಗಿದ್ರಲ್ಲ, ಅಪ್ಪ ಅಮ್ಮ. ಆಗ ಈ ಹುಡುಗಿ ಹೆಂಗೆ ಉಳೀತು?"

ಅವತ್ತೂ ಸ್ಟೀಫನ್ನೇ. ಪಾರ್ಟಿಗೆ ಹೋದ ಮಗಳನ್ನು ಕರೆದುಕೊಂಡು ಬರುವಾಗ ಕಾರು ನೀರಿಗೆ ಬಿದ್ದಿತ್ತು. ಅಪ್ಪನಿಗೆ ಇನ್ನೂ ಎಚ್ಚರ ಇತ್ತು. ಸ್ಟೀಫನ್ ಅವನನ್ನು ಎಳೆಯಲು ಹೋದರೆ ಅವನು ಬಿಡಲಿಲ್ಲ. ಹಿಂದಿದ್ದ ಮಗಳ ಕಡೆ ಕೈ ತೋರಿಸಿದ.

ಅತ್ತೆ ಸ್ವಲ್ಪ ಹೊತ್ತು ಆ ಜಗಲಿಯನ್ನೇ ನೋಡಿದರು. "ಅಪ್ಪ ಮಗಳನ್ನ ಎತ್ತು ಅಂದ. ಮಗಳು ಗೆಳೆಯನ್ನ ಎತ್ತು ಅಂದ್ಲು. ಅಪ್ಪನ ಮಗಳೇ ಸರಿ." ಡಬ್ಬಿಯ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನೀವು ಬೆಳಗ್ಗೆಯಿಂದ ಆ ಈಜು ಬರೋ ಹುಡುಗನದ್ದೇ ಹೇಳ್ತಿದೀರಲ್ಲ."

ನಾದಿನಿ ನನ್ನ ಮುಖ ನೋಡಿದಳು. ನಾನು ಅವಳದು.

ಎಷ್ಟು ಸಲ ನೋಡಿದ್ದೆವು ಆ ಎರಡು ದೃಶ್ಯಗಳನ್ನು! ಎರಡರಲ್ಲೂ ನೀರಿನೊಳಗೆ ಒಂದೇ ರೀತಿ ಕೈ ಎತ್ತುವುದನ್ನು ನಾನು ಕಂಡಿದ್ದೆ. ಆದರೆ ನೋಡಿದ್ದೆಲ್ಲ ಸ್ಟೀಫನ್ ಕಡೆಯಿಂದ, ಅವನು ಏನು ಮಾಡಿದ, ಅವನಿಗೆ ಎಷ್ಟು ಕಷ್ಟವಾಯಿತು. ಕೈ ತೋರಿಸಿದವಳ ಬಗ್ಗೆ ನಮ್ಮ ರೂಮಿನಲ್ಲಿ ಒಬ್ಬರೂ ಒಂದು ಮಾತು ಆಡಿದ್ದು ನೆನಪಿಲ್ಲ. ಆರನೇ ಸೀಸನ್ ಮುಗಿದಾಗ ನೀನಾ ಡೊಬ್ರೆವ್ ಧಾರಾವಾಹಿ ಬಿಟ್ಟಳು. ಎಲೆನಾಳನ್ನು ಮಾಟದ ನಿದ್ದೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿಸಿದರು. ಮುಂದಿನ ಎರಡು ಸೀಸನ್, ಕಡೇ ಕಂತಿನವರೆಗೆ, ನಾಯಕಿಯೇ ಇಲ್ಲ, ಆದರೂ ನಮ್ಮ ಜಗಳ ಒಂದು ದಿನ ನಿಂತಿದ್ದರೆ ಕೇಳಿ.

ಆಮೇಲೆ ನೆನಪಾದದ್ದು ಕಡೇ ಕಂತಿನ ಕಡೇ ದೃಶ್ಯ. ಕಥೆ ಪ್ರಕಾರ ಎಲೆನಾ ಸಿಕ್ಕಿದ್ದು ಡೇಮನ್‌ಗೆ. ಸ್ಟೀಫನ್ ಊರಿಗಾಗಿ ಪ್ರಾಣ ಕೊಟ್ಟ. ನಾದಿನಿ ಗೆದ್ದ ಪಂದ್ಯ ಅದು, ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳಂತೆ. ಆದರೆ ಬಾಳು ಮುಗಿದ ಮೇಲೆ ಎಲೆನಾಗೆ ಸಿಗುವ ಶಾಂತಿ ಏನು ಅಂತ ತೋರಿಸುವಾಗ ಅಲ್ಲಿ ಡೇಮನ್ ಇಲ್ಲ. ಅವಳು ತನ್ನ ಮನೆಗೆ ನಡೆದು ಬರುತ್ತಾಳೆ. ಜಗಲಿಯಲ್ಲಿ ಅಪ್ಪ ಅಮ್ಮ ನಿಂತಿರುತ್ತಾರೆ. ಡೇಮನ್ ತನ್ನ ಮನೆಯ ಬಾಗಿಲು ಬಡಿಯುತ್ತಾನೆ, ತೆಗೆಯುವುದು ಸ್ಟೀಫನ್. ಇಬ್ಬರು ಹುಡುಗರ ಪಾಲಿಗೆ ಅವರವರೇ. ಅದನ್ನು ನೋಡಿ ನಾನು ಸ್ಟೀಫನ್‌ಗೋಸ್ಕರ ಅತ್ತಿದ್ದೆ. ಜಗಲಿಯನ್ನು ಮರೆತೇಬಿಟ್ಟಿದ್ದೆ.

ಈಗ ಆ ಜಗಲಿ ಇಪ್ಪತ್ತು ಅಡಿ ದೂರದಲ್ಲಿತ್ತು. ಯಾರೋ ಎರಡು ಕುಂಬಳಕಾಯಿ ಇಟ್ಟಿದ್ದರು.

"ಇದೇ ಮನೇನಾ ಸುಟ್ಟುಹಾಕಿದ್ಲು ಅಂದಿದ್ದು?" ಅತ್ತೆಗೆ ಅನುಮಾನ. ಮುಂದೊಮ್ಮೆ ತಮ್ಮ ಜೆರೆಮಿ ಸತ್ತ ದುಃಖಕ್ಕೆ ಎಲೆನಾ ಮನೆಗೆ ಬೆಂಕಿ ಇಟ್ಟ ಕಥೆಯನ್ನು ಕಾರಿನಲ್ಲಿ ಹೇಳಿದ್ದೆವು. ಸುಟ್ಟದ್ದು ಧಾರಾವಾಹಿಯಲ್ಲಿ, ಇದು ನಿಜವಾದ ಮನೆ ಅಂತ ಸಮಜಾಯಿಷಿ ಕೊಟ್ಟೆ. "ಸದ್ಯ. ಚೆನ್ನಾಗಿದೆ ಮನೆ" ಅಂದರು.

ಕಾರಿನ ಕಡೆ ನಡೆಯುವಾಗ ಸೂರ್ಯ ಗೋಪುರದ ಹಿಂದೆ ಇಳಿಯುತ್ತಿದ್ದ. ನಾದಿನಿ ಮೆಲ್ಲಗೆ, "ಆದ್ರೂ ಅತ್ತಿಗೆ, ಡೇಮನ್ ಎತ್ತಿರೋನು" ಅಂದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ತಡೆದರು.

"ಅದಿರ್ಲಿ. ಆ ಹುಡುಗಿ ಓದು ಮುಗಿಸಿದ್ಲಾ?"

"ಹೂಂ ಅತ್ತೆ. ಡಾಕ್ಟರ್ ಆದ್ಲು. ಅವಳಪ್ಪನೂ ಡಾಕ್ಟರೇ."

"ಮೊದಲೇ ಹೇಳಬಾರದಿತ್ತಾ ಅದನ್ನ" ಅಂದು, ಹಿಂದಿನ ಬಾಗಿಲು ತೆಗೆಯಲು ನನಗೆ ಸನ್ನೆ ಮಾಡಿದರು.