ಚಾರ್ಲಿ ಪ್ಯಾಟನ್ ಹುಡುಕಿಕೊಂಡು ಮಿಸಿಸಿಪ್ಪಿ ಡೆಲ್ಟಾಗೆ ಹೋಗುವವರಿಗೆ

ಚಾರ್ಲಿ ಪ್ಯಾಟನ್ ಅಂದರೆ ಬ್ಲೂಸ್ ಅನ್ನೋ ಅಮೆರಿಕದ ಕಪ್ಪು ಜನರ ಹಾಡಿನ ಹಳೇ ಗಾಯಕ, ಡೆಲ್ಟಾ ಅಂದರೆ ಮಿಸಿಸಿಪ್ಪಿ ರಾಜ್ಯದ ಹತ್ತಿ ಸೀಮೆ. ಅಲ್ಲಿಗೆ ಮೆಂಫಿಸ್ ನಗರದಿಂದ ಬಸ್ಸಿನಲ್ಲಿ ಹೋಗುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಡೆಲ್ಟಾದ ಕ್ಲಾರ್ಕ್ಸ್‌ಡೇಲ್ ಊರಿಗೆ ಇರುವುದು ಸುಮಾರು 75 ಮೈಲಿ. ನಮ್ಮ ಬಸ್ಸು ಬಂದಿದ್ದೇ ಮೂರು ಗಂಟೆ ತಡವಾಗಿ. ಕೌಂಟರಿನಲ್ಲಿ ಕೇಳಿದರೆ ‘ಆಪ್ ನೋಡಿ’ ಅಂದರು. ಆಪ್ ನೋಡಿದರೆ ಬಸ್ಸು ಆಗಲೇ ಹೊರಟುಹೋಗಿದೆ ಅಂತ ತೋರಿಸುತ್ತಿತ್ತು! ಕಿಟಕಿ ತೆಗೆಯೋ ಹಾಗಿಲ್ಲ, ಎಸಿ ಕೆಟ್ಟಿದೆ, ಹಿಂದಿನ ಸೀಟಿನಲ್ಲಿ ಒಬ್ಬ ಫೋನಿನ ಸ್ಪೀಕರ್ ಹಾಕಿಕೊಂಡು ಜಗಳ ಆಡುತ್ತಿದ್ದ. ಕೊನೆಗೆ ಹೆದ್ದಾರಿ ಬದಿ ಇಳಿಸಿ ಹೋದರು. ಕ್ಯಾಬ್ ಆಪ್ ತೆಗೆದರೆ ಒಂದು ಗಾಡಿಯೂ ಇಲ್ಲ. ರಾಯಚೂರಿನಲ್ಲಿ ಸಾಯಂಕಾಲದ ಕೊನೆ ಬಸ್ ತಪ್ಪಿದರೂ ಏನೋ ಒಂದು ಟಂಟಂ ಸಿಗುತ್ತೆ. ಇಲ್ಲಿ ಅದೂ ಇಲ್ಲ. ಮೆಂಫಿಸ್‌ನಲ್ಲೇ ಕಾರು ಬಾಡಿಗೆಗೆ ತಗೊಳ್ಳಿ.

ಬಸ್ಸಿಗಿಂತ ದೊಡ್ಡ ಮೋಸ ಕ್ಲಾರ್ಕ್ಸ್‌ಡೇಲ್‌ನ ಕೂಡುರಸ್ತೆಯದ್ದು. 61 ಮತ್ತು 49ನೇ ಹೆದ್ದಾರಿ ಸೇರುವ ಜಾಗ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಇಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ ಅನ್ನೋ ಕಥೆ ನೀವೂ ಕೇಳಿರುತ್ತೀರಿ. ಹೋಗಿ ನೋಡಿದರೆ ಕಂಬದ ಮೇಲೆ ದೊಡ್ಡ ನೀಲಿ ಗಿಟಾರ್‌ಗಳು, ಕೆಳಗೆ ಟ್ರಾಫಿಕ್, ಸೆಲ್ಫಿಗೆ ಸಾಲು. ಆ ಕಥೆಯನ್ನು ಮೊದಲು ತನ್ನ ಬಗ್ಗೆ ಹೇಳಿಕೊಂಡವನು ಟಾಮಿ ಜಾನ್ಸನ್ ಅನ್ನೋ ಬೇರೆ ಗಾಯಕ. ಅವನ ಸೋದರ ಲೆಡೆಲ್ ಹೇಳಿದ ಮಾತು ಅದು. ಆಮೇಲೆ ಆ ಕಥೆ ರಾಬರ್ಟ್ ಹೆಸರಿಗೆ ಅಂಟಿತು. ರಾಬರ್ಟ್‌ನ ಹೆಸರಿನ ಗೋರಿಕಲ್ಲುಗಳೇ ಗ್ರೀನ್‌ವುಡ್ ಸುತ್ತಮುತ್ತ ಮೂರು ಕಡೆ ಇವೆ. ಮೂರನ್ನೂ ಸುತ್ತುವವರಿದ್ದಾರೆ. ನೀವು ಸುತ್ತಬೇಡಿ.

ಟಾಮಿ ಜಾನ್ಸನ್ ಕಲಿತಿದ್ದು ಎಲ್ಲಿ ಅಂತ ಹುಡುಕಿದರೆ ದಾರಿ ನೇರ ಚಾರ್ಲಿ ಪ್ಯಾಟನ್ ಹತ್ತಿರ ಹೋಗುತ್ತೆ. ವಿಲ್ಲಿ ಬ್ರೌನ್, ಹೌಲಿನ್ ವುಲ್ಫ್, ಪಾಪ್ಸ್ ಸ್ಟೇಪಲ್ಸ್, ಈ ಗಾಯಕರ ದಾರಿಯೂ ಅಷ್ಟೇ. ಎಲ್ಲರೂ ಡಾಕರಿ ಎಂಬ ಹತ್ತಿ ತೋಟದ ಸುತ್ತಮುತ್ತ ಪ್ಯಾಟನ್‌ನನ್ನು ನೋಡಿ ಕಲಿತವರು. ಆದರೆ ಅವನ ಹೆಸರಿನ ಟೀ ಶರ್ಟ್ ನನಗೆ ಎಲ್ಲೂ ಕಾಣಲಿಲ್ಲ. ನನಗೆ ಅದೇ ಖುಷಿ. ಜನ ಜಾಸ್ತಿ ಇದ್ದ ಕಡೆ ನನಗೆ ಸಂಗೀತ ಕೇಳಿಸುವುದೇ ಇಲ್ಲ. ಜಾತ್ರೆ ಇಷ್ಟಪಡುವವರು ನನ್ನ ಮಾತನ್ನು ಅರ್ಧ ಕಳೆದು ಓದಿಕೊಳ್ಳಿ.

ಹೊರಡುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ಅವನ ‘ಎ ಸ್ಪೂನ್‌ಫುಲ್ ಬ್ಲೂಸ್’ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಮೊದಲು ಬರೀ ಗರಗರ ಸದ್ದು ಕೇಳುತ್ತೆ. ಅದು ನಿಮ್ಮ ಫೋನಿನ ತಪ್ಪಲ್ಲ. ಪ್ಯಾರಾಮೌಂಟ್ ಎಂಬ ರೆಕಾರ್ಡ್ ಕಂಪನಿ ಅಗ್ಗದ ಅರಗಿನಲ್ಲಿ ಗ್ರಾಮಫೋನ್ ತಟ್ಟೆ ಒತ್ತಿಸುತ್ತಿತ್ತು, ಈಗ ಉಳಿದಿರುವುದು ಆ ಸವೆದ ತಟ್ಟೆಗಳೇ. ನಾಲ್ಕನೇ ಸಲಕ್ಕೆ ಕಿವಿ ಹೊಂದಿಕೊಳ್ಳುತ್ತೆ. ಆಗ ಒಂದು ಚಮತ್ಕಾರ ಗೊತ್ತಾಗುತ್ತೆ. ಅವನು ಸಾಲು ಹಾಡುತ್ತಾ ಬಂದು ‘ಸ್ಪೂನ್‌ಫುಲ್’ ಅನ್ನೋ ಪದ ಬರುವಲ್ಲಿ ಬಾಯಿ ಮುಚ್ಚುತ್ತಾನೆ. ಆ ಪದವನ್ನು ಗಿಟಾರ್ ಹೇಳುತ್ತೆ. ತಂತಿಯ ಮೇಲೆ ಜಾರುವ ಆ ಸ್ವರ ಎಷ್ಟು ಸ್ಪಷ್ಟ ಅಂದರೆ ನಾವು ಪದ ಕೇಳಿಸಿತು ಅಂತಲೇ ಅಂದುಕೊಳ್ಳುತ್ತೇವೆ. ಗೋಟುವಾದ್ಯ ಕೇಳಿದವರಿಗೆ ಈ ಜಾರು ಹೊಸದಲ್ಲ. ವೀಣೆಯ ಹಾಗೆ ಮೆಟ್ಟಿಲು ಒತ್ತುವುದಿಲ್ಲ, ತಂತಿಯ ಮೇಲೆ ಗಟ್ಟಿ ವಸ್ತು ಉಜ್ಜಿ ಸ್ವರ ಹುಡುಕುವುದು. ಡೆಲ್ಟಾದಲ್ಲಿ ಅದಕ್ಕೆ ಸಿಕ್ಕಿದ್ದು ಚಾಕು, ಇಲ್ಲ ಒಡೆದ ಬಾಟಲಿಯ ಕುತ್ತಿಗೆ. 1903ರಲ್ಲಿ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಚಾಕು ಹಿಡಿದು ಹೀಗೆ ನುಡಿಸಿದ್ದನ್ನು ಸಂಗೀತಗಾರ ಡಬ್ಲ್ಯೂ.ಸಿ. ಹ್ಯಾಂಡಿ ಕೇಳಿದ್ದ. ಆ ಊರು ದಾರಿಯಲ್ಲೇ ಸಿಗುತ್ತೆ, ಇಳಿದು ಹತ್ತು ನಿಮಿಷ ನೋಡಿದರೆ ಸಾಕು.

ಡಾಕರಿ ಇರುವುದು ಕ್ಲೀವ್‌ಲ್ಯಾಂಡ್ ಮತ್ತು ರೂಲ್‌ವಿಲ್ ನಡುವೆ, 8ನೇ ಹೆದ್ದಾರಿಯ ಪಕ್ಕ. ಮಿಸಿಸಿಪ್ಪಿಯದ್ದೇ ಕ್ಲೀವ್‌ಲ್ಯಾಂಡ್, ಒಹಾಯೋದ್ದಲ್ಲ. ಮ್ಯಾಪಿನಲ್ಲಿ ಹಾಕುವಾಗ ನೋಡಿಕೊಳ್ಳಿ. ವಿಲ್ ಡಾಕರಿ 1895ರಲ್ಲಿ ಶುರು ಮಾಡಿದ ತೋಟ. ತನ್ನದೇ ಅಂಗಡಿ, ತನ್ನದೇ ರೈಲು ನಿಲ್ದಾಣ, ಕೂಲಿಯವರಿಗೆ ಕೊಡಲು ತನ್ನದೇ ನಾಣ್ಯ! ಆ ನಾಣ್ಯ ಬೇರೆ ಊರಲ್ಲಿ ನಡೆಯಲ್ಲ ಅಂದಮೇಲೆ ಕೂಲಿ ಎಲ್ಲಿಗೆ ಹೋದಾನು ಅಲ್ವಾ? ಪ್ಯಾಟನ್ ಮನೆಯವರು ಬೋಲ್ಟನ್ ಕಡೆಯಿಂದ 1900ರ ಸುಮಾರಿಗೆ ಇಲ್ಲಿಗೆ ಬಂದರು. ಹೆನ್ರಿ ಸ್ಲೋನ್ ಅನ್ನುವವನು ನುಡಿಸುವುದನ್ನು ನೋಡಿ ಹುಡುಗ ಕಲಿತ. ಶನಿವಾರ ರಾತ್ರಿ ಗಿಟಾರನ್ನು ಬೆನ್ನ ಹಿಂದೆ, ಮಂಡಿ ನಡುವೆ ಹಿಡಿದು ನುಡಿಸಿ ಜನರನ್ನು ಕುಣಿಸುತ್ತಿದ್ದ. ಇಂಥ ಆಟಕ್ಕೆ ಹೆಸರಾದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು.

ಈಗ ಅಲ್ಲಿ ಉಳಿದಿರುವುದು ಬೀಜದ ಗೋದಾಮು, ಹಳೇ ಪೆಟ್ರೋಲ್ ಬಂಕು, ಹತ್ತಿ ಜಿನ್ನು. ನನ್ನ ಹೆಂಡತಿ ಅರ್ಧ ಗಂಟೆಗೆ ಮುಗಿಸಿ ಕಾರಿನಲ್ಲಿ ಕೂತಳು. ನಾನು ಜಿನ್ನಿನ ಮುಂದೆಯೇ ನಿಂತಿದ್ದೆ. ಹತ್ತಿ ಊರಿನವನಿಗೆ ಆ ಯಂತ್ರ ನೋಡಿದರೆ ಧೂಳು ಮೂಗಿಗೆ ಬಂದ ಹಾಗಾಗುತ್ತೆ. ಪ್ಯಾಟನ್ ಹತ್ತಿಕಾಯಿ ತಿನ್ನುವ ಸೊಂಡಿ ಹುಳದ ಮೇಲೂ ಒಂದು ಹಾಡು ಕಟ್ಟಿದ್ದಾನೆ. 1929ರ ಜೂನ್ 14ರಂದು ಇಂಡಿಯಾನಾದ ರಿಚ್‌ಮಂಡ್‌ನಲ್ಲಿ ಒಂದೇ ದಿನ 14 ಹಾಡು ಮುದ್ರಿಸಿದ, ಅದರಲ್ಲಿ ಇದೂ ಇದೆ. ಈ ಹಾಡು ಮತ್ತು ಅದೇ ದಿನದ ಇನ್ನೊಂದು ಹಾಡು ಇದ್ದ ತಟ್ಟೆಯನ್ನು ಕಂಪನಿ ‘ಮಾಸ್ಕ್ಡ್ ಮಾರ್ವೆಲ್’, ಅಂದರೆ ‘ಮುಖವಾಡದ ಅದ್ಭುತ’ ಅನ್ನೋ ಹೆಸರಲ್ಲಿ ಬಿಟ್ಟು, ಹಾಡಿದ್ದು ಯಾರು ಅಂತ ಹೇಳಿದವರಿಗೆ ಒಂದು ತಟ್ಟೆ ಪುಕ್ಕಟೆ ಅಂತ ಜಾಹೀರಾತು ಕೊಟ್ಟಿತ್ತು. ಆ ಗಂಟಲು ಒಮ್ಮೆ ಕೇಳಿದವರಿಗೆ ಇದೇನು ಕಷ್ಟದ ಪ್ರಶ್ನೆಯಲ್ಲ.

ಈಗ ಊಟದ ಮಾತು. ಇಂಡಿಯನೋಲಾ ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಅಂಟಿಕೊಂಡ ಒಂದು ಅಂಗಡಿ. ಬೋರ್ಡೂ ನೆಟ್ಟಗಿಲ್ಲ. ಹೊರಗೆ ಟ್ರ್ಯಾಕ್ಟರಿನವರ ಪಿಕಪ್‌ಗಳು ನಿಂತಿದ್ದವು, ಅದಕ್ಕೇ ನಿಲ್ಲಿಸಿದೆ. ಹನ್ನೆರಡು ಡಾಲರ್ ಒಳಗೆ ತಟ್ಟೆ ತುಂಬ: ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕ್ಯಾಟ್‌ಫಿಶ್, ಟರ್ನಿಪ್ ಸೊಪ್ಪು, ಬಟರ್ ಬೀನ್ಸ್, ಬಿಸಿ ಕಾರ್ನ್‌ಬ್ರೆಡ್. ಮೀನು ಅಲ್ಲೇ ಪಕ್ಕದ ಹೊಂಡಗಳದ್ದು. ಮೇಲೆ ತೊಗಟೆ ಕರಕರ, ಒಳಗೆ ಹಬೆ. ಸೊಪ್ಪಿನ ತಿಳಿಯನ್ನು ಕಾರ್ನ್‌ಬ್ರೆಡ್‌ನಲ್ಲಿ ಅದ್ದಿ ತಿನ್ನಬೇಕು ಅಂತ ಬಡಿಸಿದ ಅಮ್ಮ ತೋರಿಸಿಕೊಟ್ಟರು. ನಾನು ತಟ್ಟೆ ಒರೆಸಿದ್ದು ನೋಡಿ ಇನ್ನೊಂದು ತುಂಡು ಬ್ರೆಡ್ ಇಟ್ಟರು, ದುಡ್ಡು ತಗೊಳ್ಳಲಿಲ್ಲ. ಕ್ಲಾರ್ಕ್ಸ್‌ಡೇಲ್‌ನಲ್ಲಿ ಮೂವತ್ತು ಡಾಲರ್ ಕೊಟ್ಟು ತಿಂದಿದ್ದು ಇದರ ಕಾಲು ಭಾಗಕ್ಕೂ ಬರಲ್ಲ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಸೊಪ್ಪು, ಬೀನ್ಸ್ ಎಲ್ಲಕ್ಕೂ ಹಂದಿ ಮಾಂಸ ಹಾಕಿ ಬೇಯಿಸುವುದು ಇಲ್ಲಿ ಮಾಮೂಲು. ಕೇಳದೆ ತಿನ್ನಬೇಡಿ. ಕಾರಿನಲ್ಲಿ ಚಟ್ನಿಪುಡಿ, ಅವಲಕ್ಕಿ ಇರಲಿ.

ಅಲ್ಲಿಂದ ಪ್ಯಾಟನ್ ಗೋರಿ ಇರುವ ಹಾಲಿ ರಿಡ್ಜ್ ಹತ್ತಿರ. ಇಂಡಿಯನೋಲಾ ಮತ್ತು ಲೀಲ್ಯಾಂಡ್ ನಡುವೆ 82ನೇ ಹೆದ್ದಾರಿಯಿಂದ ಒಳಗೆ ತಿರುಗಬೇಕು. ಪ್ಯಾಟನ್ 1934ರ ಏಪ್ರಿಲ್ 28ರಂದು ಈ ಕಡೆಯೇ ಹೃದಯದ ಕಾಯಿಲೆಯಿಂದ ತೀರಿಕೊಂಡ. ಗೋರಿಗೆ ಈಗಿರುವ ಕಲ್ಲು ಬಂದಿದ್ದು 1990ರ ದಶಕದ ಶುರುವಿನಲ್ಲಿ, ಅದೂ ರಾಕ್ ಗಾಯಕ ಜಾನ್ ಫೋಗರ್ಟಿ ದುಡ್ಡು ಕೊಟ್ಟ ಮೇಲೆ. ಬ್ಲೂಸ್‌ಗೆ ಸೇರಿದ ಜಾಗಗಳನ್ನು ಗುರುತಿಸುವ ಮಿಸಿಸಿಪ್ಪಿ ಬ್ಲೂಸ್ ಟ್ರೇಲ್‌ನ ನೀಲಿ ಫಲಕಗಳಲ್ಲಿ ಮೊಟ್ಟಮೊದಲನೆಯದು 2006ರ ಡಿಸೆಂಬರ್‌ನಲ್ಲಿ ಇಲ್ಲೇ ನೆಟ್ಟಿದ್ದು. ಕಲ್ಲಿನ ಮೇಲೆ ಯಾರೋ ಚಿಲ್ಲರೆ ಇಟ್ಟಿದ್ದರು. ಊರಿನವರ ಗೋರಿಗಳೂ ಅದೇ ಜಾಗದಲ್ಲಿವೆ, ತುಳಿಯದೆ ನೋಡಿಕೊಂಡು ನಡೆಯಿರಿ.

ಮಲಗಲು ಕ್ಲಾರ್ಕ್ಸ್‌ಡೇಲ್ ಬೇಡ. ಅಲ್ಲಿ ನಮಗೆ ಸಿಕ್ಕ ರೂಮಿನಲ್ಲಿ ಗೋಡೆ ಸುಣ್ಣ ಉದುರುತ್ತಿತ್ತು. ಅದೇ ಅಂದ ಅಂತ ದರ ಎರಡು ಪಟ್ಟು. ಏಪ್ರಿಲ್‌ನ ಬ್ಲೂಸ್ ಹಬ್ಬದ ವಾರಾಂತ್ಯದಲ್ಲಿ ಇನ್ನೂ ಏರುತ್ತೆ. ಕ್ಲೀವ್‌ಲ್ಯಾಂಡ್ ಅಥವಾ ಇಂಡಿಯನೋಲಾದ ಮಾಮೂಲಿ ಮೋಟೆಲ್ ಹಿಡಿಯಿರಿ. ಇಂಥವು ಎಷ್ಟೋ ಗುಜರಾತಿಗಳದ್ದು. ನಾವಿದ್ದ ಕಡೆ ಯಜಮಾನರು ಹಿಂದಿ ಕೇಳಿದ್ದೇ ತಡ, ರೇಟು ಇಳಿಸದಿದ್ದರೂ ಚಹಾ ಕೊಟ್ಟರು. ಜುಲೈ, ಆಗಸ್ಟ್ ಬಿಟ್ಟು ಹೋಗಿ. ಬಿಸಿಲು ರಾಯಚೂರಿನವರಿಗೆ ಲೆಕ್ಕವೇ ಅಲ್ಲ, ಆದರೆ ಆ ಸೊಳ್ಳೆ ಪ್ಯಾಂಟಿನ ಮೇಲಿಂದಲೂ ಕಚ್ಚುತ್ತೆ.