ಹಳೆಯ ಇ90ರ ಸಸ್ಪೆನ್ಷನ್ ಹದಗೊಳಿಸಿದ ಬಗೆ

17 ನವೆಂಬರ್ 2024, ಭಾನುವಾರ
ಚಿಕ್ಕಮಗಳೂರು

ನನ್ನ 2008ರ ಬಿಎಂಡಬ್ಲ್ಯು 325ಐ ಕಾರಿನ ಸಸ್ಪೆನ್ಷನ್ ಕೆಲಸ ಈ ವಾರ ಬಹುಮಟ್ಟಿಗೆ ಮುಗಿಯಿತು. ಏನೇನು ಮಾಡಿಸಿದೆ, ಏನನ್ನು ಬೇಕೆಂದೇ ಬಿಟ್ಟೆ ಎಂಬುದನ್ನು ಕಾರಣಗಳೊಂದಿಗೆ ಇಲ್ಲಿ ಬರೆದಿಡುತ್ತಿದ್ದೇನೆ. ಇ90 ಎಂಬ ಸಂಕೇತದ ಈ ಪೀಳಿಗೆಯ 3 ಸೀರೀಸ್ ಕಾರುಗಳ ಜೋಡಣೆ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ 2007ರಲ್ಲಿ ಆರಂಭವಾಯಿತು. ಈಗ ಅವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಾಮಾನ್ಯ ಸೆಡಾನ್‌ನ ಬೆಲೆಗೆ ಸಿಗುತ್ತಿವೆ. ಕೊಂಡವರಲ್ಲಿ ಹಲವರು ಮೊದಲು ವಿಚಾರಿಸುವುದು ಕಾರನ್ನು ತಗ್ಗಿಸುವ ಸ್ಪ್ರಿಂಗ್‌ಗಳ ಬಗ್ಗೆ. ಚಕ್ರ ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಒಳ್ಳೆಯ ಹ್ಯಾಂಡ್ಲಿಂಗ್‌ನ ತಳಹದಿ ಎಂದು ನಾನು ನಂಬಿದ್ದೇನೆ, ಹಾಗಾಗಿ ಕೆಲಸವನ್ನು ಸಸ್ಪೆನ್ಷನ್‌ನ ಕೀಲುಗಳಲ್ಲಿರುವ ರಬ್ಬರಿನಿಂದ ಆರಂಭಿಸಿದೆ.

ಈ ಕಾರಿನ ಮೂಲ ರಚನೆಯೇ ಬಹಳ ಒಳ್ಳೆಯದು. ಮುಂದೆ ಉದ್ದಕ್ಕೆ ಕೂರಿಸಿದ 2.5 ಲೀಟರ್‌ನ ಆರು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಡಿಕ್ಕಿಯಲ್ಲಿ ಬ್ಯಾಟರಿ, ಹೀಗಾಗಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಮೇಲೆ ಹೆಚ್ಚು ಕಡಿಮೆ ಸಮನಾದ ತೂಕ. ಮುಂಭಾಗದಲ್ಲಿ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಕೂಡಿದ ಭಾಗ) ಇದ್ದರೂ ಕೆಳಗೆ ಒಂದೇ ತ್ರಿಕೋನಾಕಾರದ ಆರ್ಮ್ ಬದಲು ಪ್ರತಿ ಚಕ್ರಕ್ಕೆ ಎರಡು ಪ್ರತ್ಯೇಕ ಅಲ್ಯೂಮಿನಿಯಂ ಆರ್ಮ್‌ಗಳಿವೆ. ಹಿಂಭಾಗದಲ್ಲಿ ಪ್ರತಿ ಚಕ್ರವನ್ನು ಐದು ಲಿಂಕ್‌ಗಳು ಹಿಡಿದಿವೆ. ಆ ಲಿಂಕ್‌ಗಳ ತುದಿಗಳಲ್ಲಿ ಹೆಚ್ಚಿನ ಕಡೆ ಕೀಲಿನಂತೆ ಕೆಲಸ ಮಾಡುವ ರಬ್ಬರ್ ಬುಷ್‌ಗಳಿರುವುದರಿಂದ, ಬ್ರೇಕ್ ಒತ್ತಿದಾಗ ಅಥವಾ ತಿರುವಿನಲ್ಲಿ ಭಾರ ಬಿದ್ದಾಗ ಚಕ್ರ ಯಾವ ಕೋನದಲ್ಲಿ ನಿಲ್ಲುತ್ತದೆ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಆ ರಬ್ಬರಿನ ಆರೋಗ್ಯವೇ. ಹದಿನಾರು ವರ್ಷ ಹಳೆಯದಾದ ರಬ್ಬರಿರುವ ಕಾರನ್ನು ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಯಂತ್ರದ ಮೇಲೆ ನಿಲ್ಲಿಸಿದರೆ ಪರದೆಯ ಅಂಕಿಗಳೆಲ್ಲ ಹಸಿರಾಗಿ ಕಾಣಬಹುದು, ಆದರೆ ಅವು ನಿಂತ ಕಾರಿನ ಅಂಕಿಗಳು. ಚಲಿಸುವಾಗ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮತ್ತು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ತಮ್ಮಷ್ಟಕ್ಕೆ ತಾವೇ ಬದಲಾಗುತ್ತಿರುತ್ತವೆ.

ಮುಂದಿನ ಎರಡು ಆರ್ಮ್‌ಗಳಲ್ಲಿ ಒಂದರ ಬುಷ್‌ನೊಳಗೆ ಕಂಪನವನ್ನು ನುಂಗಲು ದ್ರವ ತುಂಬಿರುತ್ತದೆ. ವಯಸ್ಸಾದಂತೆ ರಬ್ಬರ್ ಬಿರಿದು ಆ ದ್ರವ ಸೋರಿಹೋಗುತ್ತದೆ, ಮತ್ತು ವೇಗದಲ್ಲಿ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗತೊಡಗುತ್ತದೆ. ನನ್ನ ಕಾರಿನಲ್ಲಿ ಎರಡೂ ಬದಿಯ ಬುಷ್‌ಗಳ ಸುತ್ತ ಎಣ್ಣೆಯಂಥ ಕಲೆಯಿತ್ತು. ಮುಂದಿನ ನಾಲ್ಕೂ ಆರ್ಮ್‌ಗಳನ್ನು, ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳಾದ ಆ್ಯಂಟಿ ರೋಲ್ ಬಾರ್‌ನ ಲಿಂಕ್‌ಗಳನ್ನು, ಹಿಂಭಾಗದಲ್ಲಿ ಸವೆದಿದ್ದ ಲಿಂಕ್‌ಗಳನ್ನು ಮೂಲ ಅಳತೆಯ ಹೊಸ ಭಾಗಗಳಿಂದ ಬದಲಿಸಿದೆವು. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕಿಸಿ ಎಂಬ ಸಲಹೆ ಬಂದಿತ್ತು, ಅದನ್ನು ನಾನು ಒಪ್ಪಲಿಲ್ಲ. ಹಿಂಭಾಗದ ಐದು ಲಿಂಕ್‌ಗಳು ಒಂದೇ ಅಕ್ಷದ ಸುತ್ತ ತಿರುಗುವುದಿಲ್ಲ. ಚಕ್ರ ಏರಿಳಿಯುವಾಗ ಅವುಗಳ ತುದಿಗಳು ಹಲವು ದಿಕ್ಕುಗಳಿಗೆ ಸ್ವಲ್ಪ ಸ್ವಲ್ಪ ಬಾಗಲೇಬೇಕು. ಗಟ್ಟಿಯಾದ ಪಾಲಿ ಬುಷ್ ಆ ಬಾಗುವಿಕೆಯನ್ನು ತಡೆದರೆ ಸಸ್ಪೆನ್ಷನ್ ಬಿಗಿದುಕೊಂಡು, ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ಬುಷ್ ಮಾಡತೊಡಗುತ್ತದೆ. ಇದೇ ಪೀಳಿಗೆಯ ಸ್ಪೋರ್ಟ್ಸ್ ಮಾದರಿಯಾದ ಎಂ3ಯ ಮುಂದಿನ ಆರ್ಮ್‌ಗಳು ಈ ಕಾರಿಗೂ ಕೂರುತ್ತವೆ ಮತ್ತು ಕ್ಯಾಂಬರ್ ಹೆಚ್ಚಿಸುತ್ತವೆ ಎಂಬುದು ಇ90 ಪ್ರಿಯರಿಗೆಲ್ಲ ತಿಳಿದದ್ದೇ. ಆದರೆ ಮಲೆನಾಡಿನ ಮಳೆ, ಕೆಸರು, ಗುಂಡಿಗಳ ನಡುವೆ ಓಡಾಡುವ ಕಾರಿಗೆ ಮೂಲ ಆರ್ಮ್‌ಗಳು ಮತ್ತು ಅವುಗಳ ರಬ್ಬರೇ ಸರಿ ಎಂಬುದು ನನ್ನ ತೀರ್ಮಾನ.

ಬುಷ್ ಬದಲಿಸುವಾಗ ಬಹಳ ಕಡೆ ಅಲಕ್ಷ್ಯಕ್ಕೆ ಒಳಗಾಗುವ ಒಂದು ಹಂತವಿದೆ. ಈ ರಬ್ಬರ್ ಒಳಗಿನ ಉಕ್ಕಿನ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ, ಆರ್ಮ್ ಚಲಿಸಿದಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರನ್ನು ಲಿಫ್ಟ್‌ನಲ್ಲಿ ಎತ್ತಿ, ಚಕ್ರಗಳು ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ಅದು ಹಿಂಡಿದ ಬಟ್ಟೆಯಂತೆ ಸದಾ ತಿರುಚಿದ ಸ್ಥಿತಿಯಲ್ಲಿ ಉಳಿದು ಬೇಗನೆ ಹರಿಯುತ್ತದೆ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ನಾನು ಹೇಳುವ ಮೊದಲೇ, "ಸರ್, ಈಗ ಕೈಬಿಗಿ ಅಷ್ಟೇ ಮಾಡಿರ್ತೀನಿ, ಗಾಡಿ ಭಾರ ಚಕ್ರದ ಮೇಲೆ ಬಿದ್ದಮೇಲೆ ಟಾರ್ಕ್ ಕೊಡೋಣ" (ನಿಗದಿತ ಬಲದಿಂದ ಪೂರ್ತಿ ಬಿಗಿಯೋಣ) ಎಂದರು. ಆ ಒಂದು ಮಾತಿನಿಂದ ಅವರ ಕೆಲಸದ ಮೇಲೆ ನನಗೆ ಪೂರ್ಣ ಭರವಸೆ ಬಂತು.

ಶಾಕ್ ಅಬ್ಸಾರ್ಬರ್‌ಗಳಿಗೆ ಬಿಲ್‌ಸ್ಟೈನ್ ಬಿ6 ಆರಿಸಿಕೊಂಡೆ. ಇದು ಮೂಲ ಎತ್ತರದ ಸ್ಪ್ರಿಂಗ್‌ಗೆ ಹೊಂದುವ, ಒಂದೇ ಕೊಳವೆಯ, ಗ್ಯಾಸ್ ತುಂಬಿದ ಮಾದರಿ. ಬಿ8 ಎಂಬುದು ತಗ್ಗಿಸಿದ ಸ್ಪ್ರಿಂಗ್‌ಗಳಿಗಾಗಿ ಗಿಡ್ಡವಾಗಿ ಮಾಡಿದ್ದು. ಇಂಥ ಒಂಟಿ ಕೊಳವೆಯ ಶಾಕ್ ಅಬ್ಸಾರ್ಬರ್‌ಗಳನ್ನು ಆ ಕಂಪನಿ 1957ರಿಂದಲೇ ಮರ್ಸಿಡಿಸ್ ಕಾರುಗಳಿಗೆ ಕೊಡತೊಡಗಿತ್ತು. ಒಳಗಿನ ತೇಲುವ ಪಿಸ್ಟನ್ ಎಣ್ಣೆಯನ್ನೂ ಗ್ಯಾಸನ್ನೂ ಬೇರ್ಪಡಿಸಿ ಇಡುವುದರಿಂದ, ಸತತವಾಗಿ ಕೆಟ್ಟ ರಸ್ತೆಯಲ್ಲಿ ಓಡಿದಾಗಲೂ ಎಣ್ಣೆ ನೊರೆಯಾಗುವುದಿಲ್ಲ. ಇಲ್ಲಿ ಗಮನಿಸಬೇಕಾದ ವೇಗ ಕಾರಿನದ್ದಲ್ಲ, ಶಾಕ್ ಅಬ್ಸಾರ್ಬರ್‌ನ ಪಿಸ್ಟನ್‌ನದ್ದು. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕ್ ಹಾಕಿದಾಗ ಮೂತಿ ತಗ್ಗುವಾಗ ಪಿಸ್ಟನ್ ನಿಧಾನವಾಗಿ ಚಲಿಸುತ್ತದೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಬಹಳ ವೇಗವಾಗಿ ಚಲಿಸುತ್ತದೆ. ನಿಧಾನ ಚಲನೆಗೆ ಬಿಗಿಯಾಗಿದ್ದು, ವೇಗದ ಚಲನೆಗೆ ಎಣ್ಣೆಗೆ ದಾರಿ ಬಿಡುವ ವಾಲ್ವ್ ಇದ್ದರೆ ಕಾರು ಹಿಡಿತದಲ್ಲಿಯೂ ಇರುತ್ತದೆ, ಸವಾರಿ ಸಹನೀಯವೂ ಆಗಿರುತ್ತದೆ. ಜೊತೆಗೆ ಹೊಸ ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ತಲೆಯನ್ನು ದೇಹಕ್ಕೆ ಕೂರಿಸುವ ಭಾಗ), ಹೊಸ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ಮೆತ್ತೆ) ಹಾಕಿಸಿದೆ. ಹಳೆಯ ಬಂಪ್ ಸ್ಟಾಪ್‌ಗಳು ಕೈಯಲ್ಲಿ ಪುಡಿಯಾದವು.

ತಗ್ಗಿಸುವ ಸ್ಪ್ರಿಂಗ್ ಯಾಕೆ ಬೇಡ ಎಂಬುದನ್ನು ವಿವರವಾಗಿಯೇ ಹೇಳಬೇಕು. ಕಾರನ್ನು 30 ಮಿಲಿಮೀಟರ್ ತಗ್ಗಿಸಿದರೆ ಗುರುತ್ವ ಕೇಂದ್ರವೂ ಹೆಚ್ಚು ಕಡಿಮೆ ಅಷ್ಟೇ ತಗ್ಗುತ್ತದೆ, ಇದು ಲಾಭ. ಆದರೆ ಸ್ಟ್ರಟ್ ಇರುವ ಮುಂಭಾಗದಲ್ಲಿ ಕೆಳಗಿನ ಆರ್ಮ್‌ಗಳ ಓರೆ ಬದಲಾಗುವುದರಿಂದ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್ ಇನ್ನೂ ಹೆಚ್ಚು ಕೆಳಗೆ ಇಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದಂತೆ ಕಾರನ್ನು ವಾಲಿಸುವ ಸನ್ನೆಕೋಲೂ ಉದ್ದವಾಗುತ್ತದೆ. ನೋಡಲು ನೆಲಕ್ಕೆ ಹತ್ತಿರವಾದ ಕಾರು, ಅದೇ ಗಡಸಿನ ಸ್ಪ್ರಿಂಗ್ ಇದ್ದರೆ, ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ಆರ್ಮ್ ಅಡ್ಡಮಟ್ಟವನ್ನು ದಾಟಿ ಮೇಲಕ್ಕೆ ಓರೆಯಾದ ಮೇಲೆ ಚಕ್ರ ಏರುವಾಗ ಋಣ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಬೆಳೆಯುವ ಬದಲು ಕುಗ್ಗತೊಡಗುತ್ತದೆ, ಅಂದರೆ ಹೊರಬದಿಯ ಟಯರಿಗೆ ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದದ್ದು ಸಂಕುಚನಕ್ಕೆ ಉಳಿಯುವ ಜಾಗ. ತಗ್ಗಿಸಿದಷ್ಟೂ ಬಂಪ್ ಸ್ಟಾಪ್ ಹತ್ತಿರವಾಗುತ್ತದೆ. ತಿರುವಿನ ನಡುವೆ ತೇಪೆ ಹಾಕಿದ ಡಾಂಬರಿನ ಉಬ್ಬು ಸಿಕ್ಕರೆ ಹೊರಬದಿಯ ಚಕ್ರ ಬಂಪ್ ಸ್ಟಾಪ್‌ಗೆ ತಾಗಿ, ಆ ಮೂಲೆಯ ಗಡಸುತನ ಒಮ್ಮೆಲೇ ಹಲವು ಪಟ್ಟು ಏರಿ, ಟಯರ್ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ರಸ್ತೆಗಳಲ್ಲಿ ಸಸ್ಪೆನ್ಷನ್ ಚಲಿಸಲು ಸಿಗುವ ಪ್ರತಿ ಮಿಲಿಮೀಟರ್‌ಗೂ ಬೆಲೆಯಿದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬುದೂ ನೆನಪಿನಲ್ಲಿರಲಿ.

ಗಡಸು ಸ್ಪ್ರಿಂಗ್‌ನ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ಸ್ಪ್ರಿಂಗ್ ಮೇಲೆ ಕೂತ ಕಾರಿನ ದೇಹ ತನ್ನದೇ ಆದ ಲಯದಲ್ಲಿ ಏರಿಳಿಯುತ್ತದೆ, ಆ ಆವರ್ತನ ಗಡಸುತನದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಸೆಕೆಂಡಿಗೆ 1.2 ಸಲ ಏರಿಳಿಯುವ ಕಾರನ್ನು 1.6 ಸಲಕ್ಕೆ ಏರಿಸಬೇಕಾದರೆ ಸ್ಪ್ರಿಂಗ್ ಸುಮಾರು 78 ಪ್ರತಿಶತ ಗಡಸಾಗಬೇಕು. ಹಿಂಭಾಗದ ಆವರ್ತನ ಮುಂಭಾಗಕ್ಕಿಂತ ಸ್ವಲ್ಪ ಹೆಚ್ಚಿರಬೇಕು ಎಂಬುದನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ಕ್ಯಾಡಿಲಾಕ್ ಕಾರುಗಳ ಮೇಲೆ ಕೆಲಸ ಮಾಡಿದ ಎಂಜಿನಿಯರ್ ಮಾರಿಸ್ ಆಲಿ ತೋರಿಸಿಕೊಟ್ಟರು. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತದೆ. 2,760 ಮಿಲಿಮೀಟರ್ ವೀಲ್‌ಬೇಸ್ ಇರುವ ಈ ಕಾರು 60 ಕಿಲೋಮೀಟರ್ ವೇಗದಲ್ಲಿದ್ದರೆ ಹಿಂದಿನ ಚಕ್ರ ಅಲ್ಲಿಗೆ ಬರುವುದು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ತಡವಾಗಿ. ತಡವಾಗಿ ಆರಂಭಿಸಿದ ಹಿಂಭಾಗ ತುಸು ಬೇಗ ಆಡಿದರೆ ಎರಡೂ ತುದಿಗಳು ಒಟ್ಟಿಗೆ ಶಾಂತವಾಗುತ್ತವೆ, ಕಾರು ತೊಟ್ಟಿಲಾಡುವುದಿಲ್ಲ. ಮುಂಭಾಗವನ್ನು ಮಾತ್ರ ಗಡಸು ಮಾಡಿದರೆ ಈ ಹೊಂದಾಣಿಕೆ ಹಾಳಾಗುತ್ತದೆ.

ಆ್ಯಂಟಿ ರೋಲ್ ಬಾರ್ ಬದಲಿಸಲಿಲ್ಲ. ಬಾರ್‌ನ ಗಡಸುತನ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, 20 ಮಿಲಿಮೀಟರ್‌ನ ಬಾರ್ ತೆಗೆದು 22ರದ್ದನ್ನು ಹಾಕಿದರೆ ಅದು ಸುಮಾರು 46 ಪ್ರತಿಶತ ಹೆಚ್ಚು ಬಿಗಿ. ಹಿಂಭಾಗಕ್ಕೆ ಅಂಥದ್ದನ್ನು ಹಾಕಿದರೆ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಗುರಾದ ಚಕ್ರವೊಂದೇ ಸುಮ್ಮನೆ ತಿರುಗುವುದನ್ನು ತಡೆಯುವ ಸಾಧನ) ಇಲ್ಲದ ಈ ಕಾರಿನಲ್ಲಿ ತಿರುವಿನಿಂದ ಹೊರಬರುವಾಗ ಒಳಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ.

ಟಯರ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಮೂಲ ರನ್‌ಫ್ಲಾಟ್ ಟಯರ್‌ಗಳ ಗಟ್ಟಿ ಪಕ್ಕಗೋಡೆ ಸ್ಪ್ರಿಂಗ್‌ಗೂ ಮೊದಲೇ ಪೆಟ್ಟನ್ನು ದೇಹಕ್ಕೆ ದಾಟಿಸುತ್ತಿತ್ತು. ಅದೇ 225/45 ಆರ್17 ಅಳತೆಯ ಸಾಮಾನ್ಯ ಟಯರ್ ಹಾಕಿಸಿ, ಸ್ಟೆಪ್ನಿ ಇಲ್ಲದ ಕಾರಾದ್ದರಿಂದ ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪನ್ನು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಕೊಳ್ಳುವಾಗ ಪಕ್ಕಗೋಡೆಯ ನಾಲ್ಕಂಕಿಯ ಸಂಖ್ಯೆಯನ್ನು ಓದಿಯೇ ಕೊಳ್ಳಬೇಕು, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ.

ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಮುಂದಿನ ಸ್ಟ್ರಟ್ ಮೌಂಟ್‌ನ ಮೇಲೆ ಸ್ಥಾನ ಸೂಚಿಸುವ ಸಣ್ಣ ಪಿನ್ ಒಂದಿರುತ್ತದೆ. ಅದನ್ನು ತೆಗೆದರೆ ರಂಧ್ರಗಳ ಸಡಿಲಿನಷ್ಟು ಸ್ಟ್ರಟ್‌ನ ತಲೆಯನ್ನು ಒಳಕ್ಕೆ ಸರಿಸಬಹುದು. ಅದರಿಂದ ಮುಂದಿನ ಚಕ್ರಗಳಿಗೆ ಎರಡೂ ಬದಿಯಲ್ಲಿ ಋಣ 0 ಡಿಗ್ರಿ 50 ಮಿನಿಟ್ (ಒಂದು ಡಿಗ್ರಿಗೆ 60 ಮಿನಿಟ್) ಕ್ಯಾಂಬರ್ ದೊರೆಯಿತು. ಮುಂದಿನ ಒಟ್ಟು ಟೋ ಇನ್ (ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವುದು) 10 ಮಿನಿಟ್, ಹಿಂದಿನ ಕ್ಯಾಂಬರ್ ಋಣ 1 ಡಿಗ್ರಿ 30 ಮಿನಿಟ್, ಹಿಂದಿನ ಒಟ್ಟು ಟೋ ಇನ್ 16 ಮಿನಿಟ್ ಇರಿಸಿದೆವು. ಹಿಂದಿನ ಟೋ ಇನ್ ಅನ್ನು ಕಡಿಮೆ ಮಾಡಿದರೆ ಕಾರು ಚುರುಕಾಗಿ ತಿರುಗುತ್ತದೆ, ಆದರೆ ಮಳೆಯಲ್ಲಿ ಹೆದ್ದಾರಿಯ ವೇಗದಲ್ಲಿ ಹಿಂಭಾಗ ನೆಟ್ಟಗೆ ನಿಲ್ಲುವುದು ನನಗೆ ಅದಕ್ಕಿಂತ ಮುಖ್ಯ.

ಇಂದು ಬೆಳಿಗ್ಗೆ ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೆ ಹೋಗಿಬಂದೆ. ಕಾರಿನ ಮಿತಿಯನ್ನು ಅಳೆಯಬೇಕಾದವರು ಕೊಯಮತ್ತೂರು ಬಳಿಯ ಕರಿ ಸ್ಪೀಡ್‌ವೇಯಂಥ ಟ್ರ್ಯಾಕ್‌ಗೆ ಹೋಗಬೇಕು. ಸಾರ್ವಜನಿಕ ರಸ್ತೆಯಲ್ಲಿ ನಾನು ಗಮನಿಸಿದ್ದು ಕಾನೂನುಬದ್ಧ ವೇಗದಲ್ಲಿಯೇ ತಿಳಿಯುವ ಸಂಗತಿಗಳನ್ನು. ಸ್ಟೇರಿಂಗ್ ತಿರುಗಿಸಲು ಆರಂಭಿಸಿದೊಡನೆ ಮೂತಿ ಪ್ರತಿಕ್ರಿಯಿಸುತ್ತದೆ, ನಡುವೆ ಹಿಂದಿದ್ದ ಆ ಖಾಲಿ ಅಂತರ ಹೋಗಿದೆ. ತಿರುವಿನ ನಡುವೆ ತೇಪೆ ಸಿಕ್ಕಾಗ ಕಾರು ತನ್ನ ಗೆರೆಯನ್ನು ಬಿಡುವುದಿಲ್ಲ; ಪೆಟ್ಟು ಕೇಳಿಸುತ್ತದೆ, ಸ್ಟೇರಿಂಗ್ ಕದಲುವುದಿಲ್ಲ. ಹಂಪ್ಸ್ ದಾಟಿದ ಮೇಲೆ ದೇಹ ಒಮ್ಮೆ ಏರಿ, ಒಮ್ಮೆ ಇಳಿದು ನಿಲ್ಲುತ್ತದೆ. ನಿಧಾನ ವೇಗದಲ್ಲಿ ಸಣ್ಣ ಜಲ್ಲಿಯ ಮೇಲೆ ಮೊದಲಿಗಿಂತ ತುಸು ಬಿಗಿ ಎನಿಸಿದ್ದು ನಿಜ, ಈ ಶಾಕ್ ಅಬ್ಸಾರ್ಬರ್‌ಗಳ ಗ್ಯಾಸ್ ಒತ್ತಡದ ಸ್ವಭಾವವೇ ಅದು.

ಹಿಂಭಾಗದ ಲಿಂಕ್‌ಗಳನ್ನು ಹೊತ್ತ ಚೌಕಟ್ಟಾದ ಹಿಂದಿನ ಸಬ್‌ಫ್ರೇಮ್‌ನ ನಾಲ್ಕು ಬುಷ್‌ಗಳು ಇನ್ನೂ ಹಳೆಯವೇ. ತಿರುವಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂಭಾಗ ಅರೆಕ್ಷಣ ತಡವಾಗಿ ಹಿಂಬಾಲಿಸಿದಂತೆ ಅನಿಸುವುದಕ್ಕೆ ಅವೇ ಕಾರಣವಿರಬೇಕು. ಹೊಸ ರಬ್ಬರ್ ಹೊಂದಿಕೊಂಡ ಮೇಲೆ ಅಲೈನ್‌ಮೆಂಟ್ ಮತ್ತೊಮ್ಮೆ ಪರೀಕ್ಷಿಸಿ, ಟಯರ್‌ನ ಒಳ ಅಂಚು, ನಡು ಮತ್ತು ಹೊರ ಅಂಚಿನ ಆಳವನ್ನು ಅಳೆದು ನೋಡಿ, ಅದೇ ಸಮಯಕ್ಕೆ ಆ ಬುಷ್‌ಗಳನ್ನೂ ಇಳಿಸಿ ಬದಲಿಸಲು ಗ್ಯಾರೇಜಿನವರಿಗೆ ಹೇಳಿಬಂದಿದ್ದೇನೆ.